ವಿನಾಶ ಸಹಿತ ಪರೀಕ್ಷೆ

ಹಳೆಯ ಕಟ್ಟಡದ ಮುಂದೆ ಒಂದು ಪೆಟ್ಟಿಗೆ ಹಿಡಿದುಕೊಂಡು ನಿಂತರೆ ಸಾಕು, ಏನಾದರೊಂದು ಎಡವಟ್ಟು ನಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಇದು ಊಹೆಯ ಮಾತಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕರಾವಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ನಾನು ಸಹಾಯಕನಾಗಿ ಸೇರಿದೆ. ಆ ಪೆಟ್ಟಿಗೆ ಹೊರುವುದೇ ನನ್ನ ಕೆಲಸವಾಗಿತ್ತು.

ಪೆಟ್ಟಿಗೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದರಿಂದ ಎರಡು ವೈರು ಹೊರಡುತ್ತವೆ, ಒಂದೊಂದರ ತುದಿಗೆ ಒಂದೊಂದು ಲೋಹದ ಬಿಲ್ಲೆ. ಬಿಲ್ಲೆಗಳನ್ನು ಕಂಬದ ಎರಡು ಮಗ್ಗುಲಿಗೆ ಒತ್ತಿ ಹಿಡಿದರೆ, ಕಿವಿಗೆ ಕೇಳಿಸದ ಒಂದು ಸದ್ದು ಕಲ್ಲಿನೊಳಗೆ ಹಾದು ಹೋಗುತ್ತದೆ. ದಾಟಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಪೆಟ್ಟಿಗೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ಕಲ್ಲು ಗಟ್ಟಿಯಾಗಿದ್ದರೆ ಸದ್ದು ಬೇಗ ದಾಟುತ್ತದೆ, ಅಂಕಿ ಚಿಕ್ಕದು. ಒಳಗೆ ಬಿರುಕಿದ್ದರೆ ಸುತ್ತಿ ಬಳಸಿ ಬರುತ್ತದೆ, ಅಂಕಿ ದೊಡ್ಡದು. ಒಡೆಯದೆ, ಕೊರೆಯದೆ ಕಟ್ಟಡದ ಆರೋಗ್ಯ ತಿಳಿಯುವ ಉಪಾಯ ಇದು. ಒಂದೇ ಷರತ್ತು, ಬಿಲ್ಲೆಗೂ ಕಲ್ಲಿಗೂ ನಡುವೆ ಗಾಳಿ ಇರಬಾರದು. ಅದಕ್ಕೆ ಗ್ರೀಸು ಹಚ್ಚಬೇಕು. ಈ ಗ್ರೀಸಿನಿಂದ ಏನಾಯಿತು ಎಂಬುದು ಮುಂದೆ ಬರುತ್ತದೆ.

ನಾವು ಮೂವರು. ಪ್ರೊಫೆಸರು ಮೈಸೂರು ಕಡೆಯವರು, ಎಷ್ಟು ಸತ್ಯವಂತರೆಂದರೆ ಜೊತೆಗಿದ್ದವರಿಗೆ ಕಷ್ಟವಾಗುವಷ್ಟು. ಜೀಪಿನ ಚಾಲಕ ಬಂಟ್ವಾಳದವನು, ತುಳು ಬಲ್ಲವನು. ನಾನು ಚಿತ್ರದುರ್ಗದವನು. ನಾನಾಡುವುದೂ ಕನ್ನಡ, ಅಲ್ಲಿನವರು ನಮ್ಮ ಹತ್ತಿರ ಆಡುವುದೂ ಕನ್ನಡ. ಗೊಂದಲ ಆಗುವ ಕಾರಣವೇ ಇರಲಿಲ್ಲ.

ಅಟ್ಟದ ಮೇಲೆ ಲಡ್ಡು

ಬಂಟ್ವಾಳ ಪೇಟೆಯಲ್ಲಿ ಒಂದು ಹಳೆಯ ಮಾಳಿಗೆ ಮನೆ. ಪ್ರೊಫೆಸರು ಕೆಳಗೆ ಗೋಡೆ ನೋಡುತ್ತಿದ್ದರು. ನನಗೆ, "ಅಟ್ಟ ಹೇಗಿದೆ ನೋಡಿ ಬಾರಪ್ಪಾ" ಎಂದರು. ಏಣಿ ಹತ್ತುವಾಗ ಮನೆಯ ಅಜ್ಜಿ ಕೂಗಿ ಹೇಳಿದರು: "ಮೇಲೆ ಪೂರಾ ಲಡ್ಡು ಉಂಟು ಮಾರಾಯ್ರೆ. ನೋಡಿಕೊಂಡು ಕಾಲಿಡಿ!"

ನನಗೆ ಬೆಳಗಿನ ತಿಂಡಿ ಆಗಿರಲಿಲ್ಲ. ಮನೆಯಲ್ಲಿ ಏನೋ ಸಮಾರಂಭ ಇರಬೇಕು, ಲಡ್ಡು ಕಟ್ಟಿ ಅಟ್ಟದಲ್ಲಿ ಹರಡಿದ್ದಾರೆ ಎಂದುಕೊಂಡೆ. ತಿನ್ನುವ ವಸ್ತುವಿನ ಹತ್ತಿರ ಹೋಗುವಾಗ ಬೇಡವೆಂದು ಚಪ್ಪಲಿ ಬಿಚ್ಚಿಟ್ಟೆ. ಅಟ್ಟದಲ್ಲಿ ಮಬ್ಬುಗತ್ತಲೆ. ಎಲ್ಲಿ ತುಳಿದುಬಿಡುತ್ತೇನೋ ಎಂದು ಒಂದೊಂದೇ ಹೆಜ್ಜೆ ಇಡುತ್ತಾ ಲಡ್ಡು ಹುಡುಕಿದೆ. ನಾಲ್ಕನೆಯ ಹೆಜ್ಜೆಗೆ ಹಲಗೆ ಪುಸಕ್ಕನೆ ಕುಸಿದು, ನನ್ನ ಬಲಗಾಲು ಮೊಣಕಾಲಿನವರೆಗೆ ಕೆಳಗಿನ ಕೋಣೆಗೆ ಇಳಿಯಿತು.

ಕೆಳಗಿನಿಂದ ಅಜ್ಜಿಯ ಧ್ವನಿ ಬಂತು. "ಹೇಳಿದೆನಲ್ಲ ಲಡ್ಡು ಅಂತ! ಇವರಿಗೆ ಕನ್ನಡ ಬರುದಿಲ್ವಾ?"

ಆ ಕಡೆ ಮರ ಕೊಳೆತು ಪುಡಿಯಾಗುವುದಕ್ಕೆ ಲಡ್ಡು ಎನ್ನುತ್ತಾರೆ ಎಂದು ಚಾಲಕ ನನ್ನನ್ನು ಮೇಲಕ್ಕೆ ಎಳೆಯುತ್ತಾ ತಿಳಿಸಿದ. ಅಜ್ಜಿಗೆ ಪಾಪ ಅನಿಸಿ ಕಾಲಿಗೆ ಎಣ್ಣೆ ಕೊಟ್ಟರು. ನಮ್ಮ ಸತ್ಯವಂತ ಪ್ರೊಫೆಸರು ಮಾತ್ರ ವರದಿಯಲ್ಲಿ ಹೀಗೆ ಬರೆದರು: "ಅಟ್ಟದ ಹಲಗೆಗಳು ತೀರಾ ದುರ್ಬಲ. ಪರೀಕ್ಷೆಗೆ ಬಳಸಿದ ಉಪಕರಣ, ಸಹಾಯಕರ ಬಲಗಾಲು."

ಟೈಪಿಸ್ಟರ ಬೆರಳು

ಇನ್ನು ಮುಂದಿನದೆಲ್ಲ ಒಂದೇ ಬಸದಿಯ ಕಥೆ.

ನಾರಾವಿಯಿಂದ ಇನ್ನೂ ಒಳಗೆ ಒಂದು ಹಳ್ಳಿ, ಅಲ್ಲೊಂದು ಸಣ್ಣ ಬಸದಿ, ಮುಂದೆ ಎಂಟು ಕಲ್ಲುಕಂಬಗಳ ಮಂಟಪ. ಆರನೆಯ ಕಂಬದ ಮೇಲೆ ಉದ್ದಕ್ಕೆ ಒಂದು ಗೆರೆ ಬಿದ್ದಿತ್ತು. ಬಸದಿಯ ಆಡಳಿತ ನೋಡಿಕೊಳ್ಳುವ ಮೊಕ್ತೇಸರರಿಗೆ ಸಿಮೆಂಟಿನ ಮೇಲೆ ಬಹಳ ಪ್ರೀತಿ. ಕಂಬ ಬಿರುಕು ಬಿಟ್ಟಿದೆ, ಮಂಟಪ ಕೆಡವಿ ಕಾಂಕ್ರೀಟಿನದು ಕಟ್ಟುವ ಎಂದು ಅವರು ಹೊರಟಿದ್ದರು. ನಲವತ್ತು ವರ್ಷ ಅಲ್ಲಿ ಪೂಜೆ ಮಾಡಿಕೊಂಡು ಬಂದ ಅರ್ಚಕರಿಗೆ ಅದನ್ನು ಕೇಳಿ ಊಟ ಸೇರಲಿಲ್ಲ. ಅವರು ನಮ್ಮ ಕಾಲೇಜಿಗೆ ಕಾಗದ ಬರೆದರು. ಕೊನೆಗೆ ಒಂದು ಒಪ್ಪಂದವಾಯಿತು. ಕಾಲೇಜಿನವರು ಆರನೆಯ ಕಂಬ ಗಟ್ಟಿ ಎಂದರೆ ಮಂಟಪ ಉಳಿಯುತ್ತದೆ, ಇಲ್ಲವಾದರೆ ಮರುದಿನವೇ ಹಾರೆ.

ಅವರಿಬ್ಬರಿಗೂ ಉತ್ತರ ಕಳಿಸಬೇಕಿತ್ತು. ಆಗ ನಾವು ಬೆಳ್ತಂಗಡಿಯಲ್ಲಿದ್ದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಕನ್ನಡ ಟೈಪು ಮಾಡುವ ಒಬ್ಬರ ಮುಂದೆ ಕುಳಿತು ಪ್ರೊಫೆಸರು ಹೇಳಿ ಬರೆಸಿದರು: "ಬರುವ ಸೋಮವಾರ ತಮ್ಮ ಬಸದಿಯ ಕಂಬಗಳನ್ನು ವಿನಾಶ ರಹಿತ ಪರೀಕ್ಷೆಗೆ ಒಳಪಡಿಸಲಾಗುವುದು." ಕನ್ನಡಕ ಜೀಪಿನಲ್ಲಿತ್ತು. ಓದದೆಯೇ ಸಹಿ ಹಾಕಿದರು.

ಕಾಗದದಲ್ಲಿ ಇದ್ದದ್ದು, "ವಿನಾಶ ಸಹಿತ ಪರೀಕ್ಷೆಗೆ ಒಳಪಡಿಸಲಾಗುವುದು."

ಇದೆಲ್ಲ ಮುಗಿದ ಮೇಲೆ ಜಗಳಕ್ಕೆ ಹೋದ ನನಗೆ ಟೈಪಿಸ್ಟರು ಸಮಾಧಾನವಾಗಿ ಹೇಳಿದರು. "ಮದುವೆಯ ಸೀಸನ್ ಅಲ್ವಾ ಸಾರ್. ಅವತ್ತು ಬೆಳಿಗ್ಗೆಯಿಂದ ಕುಟುಂಬ ಸಹಿತ, ಮಿತ್ರರ ಸಹಿತ ಅಂತಲೇ ಹೊಡೆದು ಬೆರಳು ತನ್ನಷ್ಟಕ್ಕೆ ಹೋಯ್ತು. ಮತ್ತೆ ರಹಿತ ಅಂತ ಬರೆದರೆ ಯಾರಿಗೂ ಬೇಸರ ಆಗ್ತದೆ. ಸಹಿತ ಅಂದ್ರೆ ಒಂದು ಮರ್ಯಾದೆ."

ಇಂದ್ರ ಬಂದ ಬಸ್ಸು

ಸೋಮವಾರ ನಾವು ಜೀಪಿನಿಂದ ಇಳಿಯುವಾಗ ಬಸದಿಯ ಎದುರು ಆರು ಜನ ಆಳುಗಳು ಹಾರೆ, ಪಿಕ್ಕಾಸು ಹಿಡಿದು ಸಾಲಾಗಿ ನಿಂತಿದ್ದರು. ಹೋದ ವರ್ಷ ತಾವೇ ಕಟ್ಟಿಸಿದ ಸಿಮೆಂಟಿನ ಸ್ವಾಗತ ಕಮಾನಿನ ಕೆಳಗೆ ಮೊಕ್ತೇಸರರು ನಗುತ್ತಾ ಕೈಮುಗಿದರು. ಕಮಾನಿನ ನೆತ್ತಿಯಲ್ಲಿ ಅವರ ಹೆಸರು ಇಷ್ಟಿಷ್ಟು ದಪ್ಪಕ್ಷರದಲ್ಲಿತ್ತು.

"ಬನ್ನಿ ಸಾರ್, ಕಾಗದ ಸಿಕ್ಕಿತು. ಭಾರೀ ಒಳ್ಳೆ ಕಾಗದ. ಯಾವ ಕಂಬದಿಂದ ಶುರು ಮಾಡುವ?"

ಹಾರೆಗಳು ಯಾಕೆ ಬಂದಿವೆ ಎಂದು ನಮಗೆ ಅರ್ಥವಾಗಲಿಲ್ಲ. ಬಸದಿಗೆ ಬೀಗ ಬೇರೆ. ಬೀಗದ ಕೈ ಎಲ್ಲಿ ಎಂದು ನಾನು ಕೇಳಿದೆ.

"ಅದು ಇಂದ್ರರ ಹತ್ತಿರ ಉಂಟು. ನಿಮ್ಮ ಕಾಗದ ನೋಡಿ ಹೆದರಿ ಮೂಡುಬಿದಿರೆಗೆ ಹೋಗಿದ್ದಾರೆ, ಹಿರಿಯರಿಗೆ ತೋರಿಸ್ಲಿಕ್ಕೆ. ಹನ್ನೊಂದರ ಬಸ್ಸಿಗೆ ಬರ್ತಾರೆ."

ನಾನು ಚಾಲಕನನ್ನು ಬದಿಗೆ ಎಳೆದು, "ಇಂದ್ರ ಅಂದ್ರೆ ಯಾರಪ್ಪ? ದೇವೇಂದ್ರನಾ?" ಎಂದು ಕೇಳಿದೆ.

"ಹೌದು ಸಾರ್" ಎಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ನಮ್ಮ ಕಾಗದಕ್ಕೆ ಹೆದರಿ ಓಡಿಹೋಗಿ, ಬಸ್ಸಿನಲ್ಲಿ ವಾಪಸು ಬರುವ ಇಂದ್ರ ಹೇಗಿರಬಹುದು ಎಂದು ಯೋಚಿಸುತ್ತಾ ಹನ್ನೊಂದರವರೆಗೆ ಕುಳಿತೆ. ಬಸ್ಸು ಬಂತು. ಬಿಳಿ ಪಂಚೆಯ, ಸಪೂರ ಮೈಯ ಒಬ್ಬ ಹಿರಿಯರು ಕೊಡೆ ಊರಿಕೊಂಡು ಇಳಿದರು. ಬಸದಿಯ ಅರ್ಚಕರನ್ನು ಆ ಸೀಮೆಯಲ್ಲಿ ಇಂದ್ರರು ಎಂದೇ ಕರೆಯುವುದಂತೆ. ನಮಗೆ ಮೊದಲು ಕಾಗದ ಬರೆದ ಅರ್ಚಕರು ಇವರೇ.

ಅವರು ಕಾಗದ ಬಿಚ್ಚಿದರು. "ವಿನಾಶ ಸಹಿತ ಅಂತ ಬರೆದಿದ್ದೀರಲ್ಲ ಸಾರ್. ನಾನು ಕಂಬ ಗಟ್ಟಿ ಉಂಟಾ ಅಂತ ಕೇಳಿದ್ದು. ಮುರೀರಿ ಅಂತ ಹೇಳಿದ್ದಲ್ಲ."

ಪ್ರೊಫೆಸರು ಈ ಸಲ ಕನ್ನಡಕ ಹಾಕಿಕೊಂಡು ಓದಿದರು. ಮುಖ ಸಪ್ಪಗಾಯಿತು. ಪೆನ್ನು ತೆಗೆದು "ಸ" ಹೊಡೆದು "ರ" ಬರೆದರು, ಕೆಳಗೆ ಪುಟ್ಟ ಸಹಿ ಹಾಕಿದರು. ಮೊಕ್ತೇಸರರ ನಗು ಅಲ್ಲಿಗೆ ಮುಗಿಯಿತು. ಇಂದ್ರರು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟು ಸಿಗದೆ ಮೂಡುಬಿದಿರೆಯಿಂದ ನಿಂತೇ ಬಂದೆ ಎಂದು ಸುಸ್ತಾಗಿ ಕೂತರು.

ಚಾಲಕ ನನ್ನ ಕಿವಿಯಲ್ಲಿ ಹೇಳಿದ: "ದೇವಲೋಕದಿಂದ ಡೈರೆಕ್ಟ್ ಬಸ್ಸಿಲ್ಲ ಸಾರ್. ಮೂಡುಬಿದಿರೆಯಲ್ಲಿ ಇಳಿದು ಹತ್ತಬೇಕು."

ಗ್ರೀಸಿಗೆ ಕನ್ನಡದಲ್ಲಿ ಏನು

ನಾನು ಗ್ರೀಸಿನ ಡಬ್ಬಿ ತೆರೆದೆ. ಇಂದ್ರರು ಬಗ್ಗಿ ನೋಡಿ, "ಇದು ಎಂತದ್ದು?" ಎಂದರು.

"ಗ್ರೀಸು."

"ಹಾಗಂದ್ರೆ ಕನ್ನಡದಲ್ಲಿ ಎಂತ?"

ಜಿಡ್ಡು ಎಂದು ಹೇಳಿ ಮುಗಿಸಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಪ್ರೊಫೆಸರು, "ಕೆಲವದರಲ್ಲಿ ಪ್ರಾಣಿಯ ಕೊಬ್ಬು ಇರುತ್ತೆ. ಇದರಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ" ಎಂದುಬಿಟ್ಟರು.

ಬಸದಿಯೊಳಗೆ ಕೊಬ್ಬು! ಇಂದ್ರರು ಡಬ್ಬಿಯನ್ನು ಕಮಾನಿನ ಆಚೆ ಇಡಿಸಿ, ನನ್ನನ್ನು ಕೈ ತೊಳೆದು ಬರಲು ಅಟ್ಟಿದರು. ಪ್ರೊಫೆಸರಿಗೆ ಬೇಜಾರಾಯಿತು. ಪರಿಹಾರ ಹುಡುಕುವ ಆತುರದಲ್ಲಿ, "ಅಂಟಾಗಿ ಇದ್ದರೆ ಆಯ್ತು ಸ್ವಾಮಿ. ಪವಿತ್ರವಾದ ಜೇನುತುಪ್ಪ ಆಗಬಹುದೇ?" ಎಂದರು. ಜೈನರು ಜೇನನ್ನೂ ಮುಟ್ಟುವುದಿಲ್ಲ, ಅದರಲ್ಲಿ ಹುಳುಗಳ ಹಿಂಸೆ ಇದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಇಂದ್ರರು ಎರಡು ಹೆಜ್ಜೆ ಹಿಂದೆ ಸರಿದರು. "ಇನ್ನು ಎಂತೆಲ್ಲ ಉಂಟು ನಿಮ್ಮ ಪೆಟ್ಟಿಗೆಯಲ್ಲಿ? ಒಮ್ಮೆಲೇ ಹೇಳಿಬಿಡಿ ಸಾರ್, ಬಿಡಿಬಿಡಿಯಾಗಿ ಹೆದರ್ಲಿಕ್ಕೆ ನನಗೆ ಆಗುದಿಲ್ಲ."

ಕಡೆಗೆ ಅವರೇ ದಾರಿ ತೋರಿಸಿದರು. ದೇವರಿಗೆ ಹಚ್ಚುವ ಗಂಧ ಮಂದವಾಗಿ ತೇದರೆ ಅಂಟುತ್ತದಲ್ಲ? ಪ್ರೊಫೆಸರು ಒಂದು ಚಿಟಿಕೆ ಹಚ್ಚಿ ನೋಡಿ ಕುಣಿದಾಡಿದರು. ಆದರೆ ಎಂಟು ಕಂಬಕ್ಕಾಗುವಷ್ಟು ಗಂಧ ಬೇಕಲ್ಲ. ಮಡಿ ಉಡಿಸಿ ನನ್ನನ್ನು ಕಲ್ಲಿನ ಮುಂದೆ ಕೂರಿಸಿದರು. ಸರಕಾರದ ಪ್ರಯೋಗಾಲಯ ಸಹಾಯಕನಾದ ನಾನು ಮಧ್ಯಾಹ್ನ ಮೂರರವರೆಗೆ ಗಂಧ ತೇದೆ. ದಿನಚರಿಯ ಪುಸ್ತಕದಲ್ಲಿ ಆ ದಿನದ ಕೆಲಸ ಏನೆಂದು ಬರೆಯುವುದು ತಿಳಿಯದೆ "ತೇದಿದ್ದೇನೆ" ಎಂದಷ್ಟೇ ಬರೆದೆ. ಮೇಲಿನ ಅಧಿಕಾರಿ ಅದನ್ನು ಓದಿ, "ಯಾರನ್ನು?" ಎಂದು ಷರಾ ಹಾಕಿದರು.

ಇನ್ನೂರ ಹತ್ತು

ಹೊತ್ತು ಉಳಿಸಲೆಂದು ಪ್ರೊಫೆಸರು ಎಂಟೂ ಕಂಬಕ್ಕೆ ಒಟ್ಟಿಗೇ ಗಂಧ ಮೆತ್ತಿಸಿದರು. ಒಂದರಿಂದ ಐದರವರೆಗೆ ಪರೀಕ್ಷೆ ಸರಾಗವಾಗಿ ನಡೆಯಿತು, ಎಲ್ಲದರಲ್ಲೂ ಅಂಕಿ ನೂರರ ಆಸುಪಾಸು. ಆರನೆಯದಕ್ಕೆ ಹೋಗಬೇಕು ಎನ್ನುವಾಗ ಇಂದ್ರರು ತಡೆದರು. "ಊಟಕ್ಕೆ ಏಳುವ."

ಗಂಟೆ ಐದು. "ಆಮೇಲೆ ಮಾಡ್ತೀವಿ ಸ್ವಾಮಿ, ಎಂಟು ಗಂಟೆಗೆ" ಎಂದರು ಪ್ರೊಫೆಸರು.

"ಎಂಟಕ್ಕೆ ನಮ್ಮಲ್ಲಿ ನೀರು ಸಹ ಇಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕು."

ಎದ್ದೆವು. ಊಟ ಬಲು ರುಚಿಯಾಗಿತ್ತು, ಮುಕ್ಕಾಲು ಗಂಟೆ ಹಿಡಿಯಿತು. ಬಂದು ಆರನೆಯ ಕಂಬಕ್ಕೆ ಬಿಲ್ಲೆ ಒತ್ತಿದೆ. ಅಂಕಿ ಏರಿತು, ಏರಿತು, ಇನ್ನೂರ ಹತ್ತಕ್ಕೆ ಬಂದು ನಿಂತಿತು.

ಇಂದ್ರರು ಮೊಕ್ತೇಸರರ ಕಡೆ ತಿರುಗಿ ಕೈ ತಟ್ಟಿದರು. "ಇನ್ನೂರ ಹತ್ತು! ಉಳಿದದ್ದಕ್ಕಿಂತ ಇಮ್ಮಡಿ ಗಟ್ಟಿ! ನಾನು ಹೇಳಿದೆನಲ್ಲ ಧಣಿಗಳೇ!"

ಪ್ರೊಫೆಸರು ನೆಲ ನೋಡುತ್ತಿದ್ದರು. ಜಾಸ್ತಿ ಬಂದರೆ ಫೇಲು ಎಂದು ನಾನೇ ಹೇಳಬೇಕಾಯಿತು.

"ಜಾಸ್ತಿ ಮಾರ್ಕು ಬಂದರೆ ಫೇಲಾ?" ಇಂದ್ರರು ನನ್ನನ್ನೂ ಪೆಟ್ಟಿಗೆಯನ್ನೂ ಮಿಕಿಮಿಕಿ ನೋಡಿದರು. "ಇದು ಯಾವ ಶಾಲೆ ಸಾರ್?"

ಮೊಕ್ತೇಸರರು ಆಳುಗಳ ಕಡೆ ತಿರುಗಿ, ಬೆಳಿಗ್ಗೆ ಏಳಕ್ಕೆ ಹಾರೆ ಸಹಿತ ಬನ್ನಿ ಎಂದರು.

ಕಾಗದದ ತಪ್ಪು

ಬೆಳಿಗ್ಗೆ ಏಳಕ್ಕೆ ಆಳುಗಳು ಬಂದರು. ವರದಿಗೆ ಸಹಿ ಮಾಡಲು ಪೆನ್ನು ತೆರೆದ ಪ್ರೊಫೆಸರು ಅದನ್ನು ಮುಚ್ಚಿ ಮತ್ತೆ ತೆರೆಯುತ್ತಿದ್ದರು. ಇಂದ್ರರು ಮಾತ್ರ ಅಷ್ಟು ಹೊತ್ತಿಗೇ ಸ್ನಾನ ಮುಗಿಸಿ ಬಂದು, ಒಂದು ಒದ್ದೆ ಬಟ್ಟೆಯಿಂದ ಆರನೆಯ ಕಂಬವನ್ನು ಉಜ್ಜುತ್ತಿದ್ದರು. ಕೊನೆಯ ಸ್ನಾನ ಮಾಡಿಸಿದ ಹಾಗೆ ಕಂಡು ನನಗೆ ಅಳು ಬಂತು.

ಅವರು ನನ್ನನ್ನೇ ಗದರಿದರು. "ಎಂತ ಇದು? ನಿನ್ನೆಯ ಗಂಧ ಹಾಗೇ ಬಿಟ್ಟಿದ್ದೀರಿ, ಒಣಗಿ ಹಕ್ಕಳೆ ಎದ್ದಿದೆ. ದೇವರ ಮೈಮೇಲೂ ನಾವು ಒಣಗಿದ ಗಂಧ ಇಡುದಿಲ್ಲ. ಬೆಳಿಗ್ಗೆ ತೆಗೆದು ಹೊಸತು ಹಚ್ಚಬೇಕು."

ಪ್ರೊಫೆಸರು ಕೂತಲ್ಲಿಂದ ನೆಗೆದರು. "ಏನಂದ್ರಿ? ಹಕ್ಕಳೆ?"

ಹಕ್ಕಳೆ ಎದ್ದರೆ ಅದರಡಿಯಲ್ಲಿ ಗಾಳಿ. ಗಾಳಿ ಸೇರಿದರೆ ಅಂಕಿ ಸುಳ್ಳು. ನಾವು ಊಟಕ್ಕೆ ಹೋದಾಗ ಗಂಧ ಒಣಗಿತ್ತು, ತಪ್ಪು ಕಂಬದ್ದಲ್ಲ, ನಮ್ಮದು! ಇಂದ್ರರು ಹೊಸ ಗಂಧ ಹಚ್ಚಿದರು, ನಾನು ಬಿಲ್ಲೆ ಒತ್ತಿದೆ. ನೂರ ಎರಡು. ಮತ್ತೆ ಒತ್ತಿದೆ. ನೂರ ಎರಡೇ. ಹೊರಗಿನ ಗೆರೆ ಬರೀ ಮೇಲ್ಮೈಯದು. ಏಳು, ಎಂಟನೆಯ ಕಂಬಗಳೂ ಹಾಗೆಯೇ ಗಟ್ಟಿ.

"ಇನ್ನೂರರಿಂದ ನೂರಕ್ಕೆ ಇಳಿದದ್ದು ಒಳ್ಳೆಯದಾ?" ಎಂದರು ಇಂದ್ರರು.

"ಒಳ್ಳೇದು ಸ್ವಾಮಿ."

"ಇನ್ನೊಮ್ಮೆ ಹೇಳಿ."

ಮೊಕ್ತೇಸರರಿಗೆ ರೇಗಿತು. "ಗಂಧ ಮೆತ್ತಿದರೆ ಯಾವ ಕಂಬವೂ ಪಾಸಾಗ್ತದೆ! ಗಟ್ಟಿ ಅಂದ್ರೆ ಎಂತ ಅಂತ ನಾನು ತೋರಿಸ್ತೇನೆ, ಬನ್ನಿ" ಎಂದು ನಮ್ಮನ್ನು ತಮ್ಮ ಕಮಾನಿಗೆ ಕರೆದೊಯ್ದರು. ಹೊಸ ಗಂಧ ಹಚ್ಚಿ ಬಿಲ್ಲೆ ಒತ್ತಿದೆ. ಅಂಕಿ ನಾನೂರು ದಾಟಿತು. ಇನ್ನಷ್ಟು ಗಂಧ ಹಚ್ಚಿದೆ. ಐನೂರು ದಾಟಿತು.

"ಈ ಪೆಟ್ಟಿಗೆಗೆ ಸಿಮೆಂಟಿನ ಅಭ್ಯಾಸ ಇಲ್ಲ. ಆ ಸುತ್ತಿಗೆ ತೆಗೀರಿ" ಎಂದರು ಮೊಕ್ತೇಸರರು. ನಮ್ಮಲ್ಲಿ ಸ್ಪ್ರಿಂಗಿನ ಒಂದು ಸುತ್ತಿಗೆ ಇತ್ತು, ಗೋಡೆಗೆ ಒತ್ತಿದರೆ ಒಳಗಿನ ಗುಂಡು ಟಕ್ಕೆಂದು ತಾಗಿ ಪುಟಿಯುತ್ತದೆ, ಪುಟಿದಷ್ಟೂ ಕಾಂಕ್ರೀಟು ಗಟ್ಟಿ. ಮೊಟ್ಟೆಗೆ ತಾಗಿಸಿದರೆ ಮೊಟ್ಟೆ ಒಡೆದೀತು, ಅದಕ್ಕಿಂತ ಹೆಚ್ಚೇನೂ ಇಲ್ಲ.

"ಬೇಡ" ಎಂದರು ನಮ್ಮ ಸತ್ಯವಂತರು.

"ಹೊಡೀರಿ ಸಾರ್! ನನ್ನ ಜವಾಬ್ದಾರಿ!"

ಒತ್ತಿದೆ. ಟಕ್.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮೇಲೆ ಎಲ್ಲೋ ಕರಕರ ಎಂದಿತು. ನಾವೆಲ್ಲ ಹಿಂದಕ್ಕೆ ಹಾರಿದೆವು. ಕಮಾನಿನ ನೆತ್ತಿಯ ಗಾರೆ ಮೊರದಗಲ ಎದ್ದು, ಮೊಕ್ತೇಸರರ ಹೆಸರಿನ ಸಮೇತ, ಅವರ ಕಾಲಿನಿಂದ ಒಂದು ಮಾರು ದೂರದಲ್ಲಿ ಧೊಪ್ಪೆಂದು ಬಿತ್ತು.

ಹಿಂದಿನ ದಿನದಿಂದ ಕೆಲಸವಿಲ್ಲದೆ ಕಾದಿದ್ದ ಆಳುಗಳು ಹಾರೆ ಎತ್ತಿಕೊಂಡು ಓಡಿ ಬಂದರು. "ಇದನ್ನಾ ಧಣಿ ಕೆಡವುದು? ಶುರು ಮಾಡುವನಾ?"

ಮೊಕ್ತೇಸರರು ಬಿದ್ದ ಹೆಸರನ್ನು ನೋಡಿದರು, ಕಲ್ಲಿನ ಕಂಬಗಳನ್ನು ನೋಡಿದರು. "ಈ ಗಾರೆ ಹೊತ್ತು ಹಾಕಿ" ಎಂದರು ಮೆಲ್ಲಗೆ. "ಆ ಮಂಟಪ ಯಾರೂ ಮುಟ್ಟಬೇಡಿ."

ಇಂದ್ರರು ಸೊಂಟದಿಂದ ನಮ್ಮ ಕಾಗದ ತೆಗೆದು ಬಿಚ್ಚಿದರು. ಪ್ರೊಫೆಸರು ತಿದ್ದಿದ್ದ ಅಕ್ಷರದ ಮೇಲೆ ಬೆರಳಿಟ್ಟರು.

"ನೀವು ಸುಮ್ಮನೆ ತಿದ್ದಿದ್ದು ಸಾರ್. ವಿನಾಶ ಸಹಿತ ಅಂತಲೇ ಸರಿ ಇತ್ತು. ಯಾವುದರದ್ದು ಅಂತ ಬರೀಲಿಕ್ಕೆ ಮರೆತದ್ದು, ಅಷ್ಟೆ."