ಮುಕ್ಕಾಲು ಟಿಕೀಟಿನ ಹೊಟ್ಟೆ

ಈ ರಾದ್ಧಾಂತಕ್ಕೆಲ್ಲ ಅರ್ಧ ಜೋಳದ ಭಕ್ರಿಯೇ ಕಾರಣ. ಬೀದರಿನ ಹಳೇ ಊರಿನ ಓಣಿಯಲ್ಲಿ, ನಿವೃತ್ತ ಬಸ್ ಕಂಡಕ್ಟರ್ ಬಸವಣ್ಣೆಪ್ಪನವರ ಮನೆಯಲ್ಲಿ, ಐದು ವರ್ಷದ ಮೊಮ್ಮಗಳು ಶೈಲಶ್ರೀ ಬೆಳಿಗ್ಗೆ ಅರ್ಧ ಭಕ್ರಿ ತಿಂದಳು. ಉಳಿದರ್ಧ ತಾಟಿನಲ್ಲೇ ಬಿಟ್ಟು ಆಡಲು ಓಡಿದಳು. ಸರಿಯಾಗಿ ಅದೇ ಹೊತ್ತಿಗೆ ಔರಾದಿನಿಂದ ಬೀಗಿತ್ತಿ ವಿಮಲಾಬಾಯಿಯ ಫೋನು ಬಂತು.

"ಕೂಸು ಏನ್ ತಿಂದದರಿ?"

ಬಸವಣ್ಣೆಪ್ಪನವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅರ್ಧ ಭಕ್ರಿ ತಿಂದದರಿ," ಎಂದುಬಿಟ್ಟರು.

"ಅರ್ಧ ಭಕ್ರಿಗಿ ಗುಬ್ಬಿನೂ ಬದುಕಂಗಿಲ್ಲ, ಬೀಗರ. ನಿಮ್ಮ ಮಗಾ, ನನ್ನ ಮಗಳು ಇಬ್ಬರೂ ದಿನಾ ಭಾಲ್ಕಿಗಿ ಡ್ಯೂಟಿಗಿ ಹೋಗ್ತಾರ, ಕೂಸು ನಿಮ್ಮ ಕೈಯಾಗ ಸೊರಗಲತ್ತದ. ನಾ ಇವತ್ತೇ ಬರ್ತೇನಿ. ಡಾಕ್ಟರ್ ಕಡಿ ತೂಕ ಹಾಕಸ್ತೇನಿ. ಕಡಿಮಿ ಬಂತಂದ್ರ ಔರಾದಕ್ಕ ಒಯ್ದು ಅಲ್ಲೇ ಸಾಲಿಗಿ ಹಾಕ್ತೇನಿ."

ಬಸವಣ್ಣೆಪ್ಪ ಫೋನು ಕೆಳಗಿಟ್ಟರು. ಹೆಂಡತಿ ತೀರಿಕೊಂಡ ಮೇಲೆ ಹಗಲೆಲ್ಲ ಆ ಮನೆಯಲ್ಲಿ ಅವರ ಜೊತೆ ಮಾತಾಡುವ ಜೀವವೆಂದರೆ ಆ ಕೂಸೊಂದೇ. ಸಾಲಿ ಸೂಟಿ ಬಂದ ಮೇಲಂತೂ ಆ ಮಾತಿಗೆ ಸ್ಟಾಪೇ ಇರಲಿಲ್ಲ. ಅದೂ ಹೋದರೆ ಗೋಡೆಗೆ ಟಿಕೀಟು ಹರಿದುಕೊಡುತ್ತ ಕೂರಬೇಕು. ಮೊಮ್ಮಗಳು ಬಿಟ್ಟ ಅರ್ಧ ಭಕ್ರಿಯನ್ನು ಅವಸರದಲ್ಲಿ ತಾವೇ ತಿಂದರು. ತಾಟಿಗೆ ನೀರು ಹಾಕಿ ಬೆರಳಾಡಿಸಿ ಆ ನೀರನ್ನೂ ಕುಡಿದರು. ಅನ್ನವೆಂದರೆ ಪ್ರಸಾದ, ಒಂದಗಳೂ ಚೆಲ್ಲಬಾರದು ಎಂದು ಅವರ ಅಪ್ಪ ಕಲಿಸಿದ ರೂಢಿ ಅದು. ಆಮೇಲೆ ಚಪ್ಪಲಿ ಮೆಟ್ಟಿ, ಪಕ್ಕದ ಓಣಿಯ ಮಕ್ಕಳ ಡಾಕ್ಟರ್ ನಾಹೀದರ ದವಾಖಾನೆಗೆ ನಡೆದರು.

"ಐದು ವರ್ಷದ ಕೂಸಿಗಿ ದಿನಕ್ಕ ಎಷ್ಟು ಊಟ ಬೇಕ್ರಿ, ಡಾಕ್ಟರಮ್ಮ? ದೊಡ್ಡೋರದರ ಅರ್ಧ ಹೌದಲ್ರಿ? ಬಸ್ಸಿನ್ಯಾಗ ನಾವು ಅರ್ಧ ಟಿಕೀಟೇ ಕೊಡ್ತಿದ್ದೆವು."

ನಾಹೀದ ನಕ್ಕರು. "ಅರ್ಧ ಸಾಲಂಗಿಲ್ರಿ. ಮುಕ್ಕಾಲು ಟಿಕೀಟಿನ ಹತ್ರ ಬರ್ತದ. ದಿನಕ್ಕ ಸುಮಾರು ಹದಿಮೂರು ನೂರು ಕ್ಯಾಲೊರಿ ಬೇಕು. ಓಡ್ಲಿಕ್ಕ ಬೇಕು, ಉಸಿರಾಡ್ಲಿಕ್ಕ ಬೇಕು, ಅದರ ಮ್ಯಾಲ ಬೆಳಿಲಿಕ್ಕ ಬೇಕು. ನಾವು ನೀವು ಬೆಳಿಯೋದು ಮುಗದದ. ಅವು ಮಲ್ಕೊಂಡಾಗೂ ಬೆಳೀತಾವ. ಆದ್ರ..."

ಆ 'ಆದ್ರ' ಕೇಳಿಸಿಕೊಂಡದ್ದು ಖಾಲಿ ಕುರ್ಚಿ ಮಾತ್ರ. ಹದಿಮೂರು ನೂರು ಎಂಬ ಸಂಖ್ಯೆ ಕಿವಿಗೆ ಬಿದ್ದದ್ದೇ ಬಸವಣ್ಣೆಪ್ಪ ರಸ್ತೆಗಿಳಿದಿದ್ದರು. ದಾರಿಯುದ್ದಕ್ಕೂ ಅವರಿಗೆ ಒಂದೇ ಬೆರಗು. ಮಲಗಿದಾಗಲೂ ಬೆಳೆಯುತ್ತವಂತೆ. ರಾತ್ರಿ ತಮ್ಮ ಪಕ್ಕದಲ್ಲೇ ಕಾಲು ಚಾಚಿ ಬಿದ್ದುಕೊಳ್ಳುವ ಆ ಪುಟ್ಟ ದೇಹ, ಯಾರಿಗೂ ಹೇಳದೆ ಕೇಳದೆ, ಬ್ಯಾಳಿಯನ್ನು ಎಲುಬು ಮಾಡಿ, ಭಕ್ರಿಯನ್ನು ಕೂದಲು ಮಾಡಿ ಬೆಳೆಯುತ್ತಿತ್ತೇ! ತಾವು ಗೊರಕೆ ಹೊಡೆಯುತ್ತ ಮಲಗಿದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ಮನೆ ಮುಂದೆ ಪಕ್ಕದ ಮನೆಯ ಶರಫೋದ್ದೀನ ತನ್ನ ಆಟೋ ಒರೆಸುತ್ತಿದ್ದ. ವಿಷಯ ಕೇಳಿದ್ದೇ ಒರೆಸುವ ಬಟ್ಟೆ ಎಸೆದು ಮೊಬೈಲು ತೆಗೆದ.

"ಫಿಕರ್ ಮಾಡಬ್ಯಾಡ್ರಿ, ಕಂಡಕ್ಟರ್ ಸಾಬ್. ಯಾವುದರಾಗ ಎಷ್ಟು ಕ್ಯಾಲೊರಿ ಅದಾವ ಅಂತ ಇದರಾಗ ಎಲ್ಲಾ ಬರ್ತದ. ನೀವು ಬಡಸ್ರಿ, ನಾ ಹೇಳ್ತಾ ಹೋಗ್ತೇನಿ."

ಬಸವಣ್ಣೆಪ್ಪ ಬಡಿಸಿದರು. ಬೆಣ್ಣೆ ಹಚ್ಚಿದ ಭಕ್ರಿ, ತೊಗರಿ ಬ್ಯಾಳಿ, ತುಪ್ಪದನ್ನ, ಶೇಂಗಾ ಹೋಳಿಗೆ. ಶರಫೋದ್ದೀನ ಹರಾಜು ಕೂಗುವವನಂತೆ ಲೆಕ್ಕ ಏರಿಸುತ್ತಾ ಹೋದ. ಶೈಲಶ್ರೀ ಬಂದು ಕೂತಳು. ಹೋಳಿಗೆಯ ಒಂದು ಮೂಲೆ ಕಚ್ಚಿದಳು. "ಸಾಕು ಮುತ್ಯಾ," ಎಂದು ಅಜ್ಜನಿಗೆ ಹೇಳಿ ಎದ್ದೋಡಿದಳು.

ಅಜ್ಜ ತಾಟನ್ನು ನೋಡಿದರು. ತಾಟು ಅಜ್ಜನನ್ನು ನೋಡಿತು. ಚೆಲ್ಲುವಂತಿಲ್ಲ. ಅವರು ಕೂತು ಉಂಡರು, ತೊಳೆದು ಕುಡಿದರು.

"ಹುಡುಗಿ ಲೆಕ್ಕ ಅಲ್ಲೇ ನಿಂತದರಿ," ಎಂದ ಶರಫೋದ್ದೀನ.

ಅವನ ಹೆಂಡತಿ ಹಮೀದುನ್ನಿಸಾ ಬಾಗಿಲಿಗೆ ಬಂದಳು. "ಬಚ್ಚಿಗಿ ಯಾರದೋ ನಜರ್ ತಾಕಿರಬೇಕು, ಭಾಯಿ. ಮತ್ತ ದಿನಾ ಅದೇ ಭಕ್ರಿ ಕೊಟ್ರ ಯಾರು ತಿಂತಾರ? ತಡೀರಿ," ಎಂದು ಹೋದವಳು ಡಬ್ಬಿ ತುಂಬ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ ತಂದಳು. ಶೈಲಶ್ರೀ ಮೇಲಿನ ಗೋಡಂಬಿ ಆರಿಸಿ ತಿಂದು ಹೋದಳು. ನೆರೆಯವರು ಪ್ರೀತಿಯಿಂದ ಕೊಟ್ಟದ್ದನ್ನು ಉಳಿಸುವುದು ಇನ್ನೂ ದೊಡ್ಡ ತಪ್ಪು. ಬಸವಣ್ಣೆಪ್ಪ ಡಬ್ಬಿಯ ತಳ ಕಾಣಿಸಿದರು. ಅವಳು ಖುಷಿಯಾಗಿ ಇನ್ನೊಂದು ಡಬ್ಬಿ ತಂದಳು.

ಮಧ್ಯಾಹ್ನ ಸರಿಯುವುದರೊಳಗೆ ಚುರುಮುರಿಯ ಸುಸಲಾ ಬಂತು, ಹಾಲು ಬಾಳೆಹಣ್ಣು ಬಂತು, ಗೋಧಿ ಹುಗ್ಗಿ ಬಂತು. ಹುಡುಗಿ ಪ್ರತಿಯೊಂದರ ಮೇಲೂ ಗುಬ್ಬಿ ಕೂತೆದ್ದಂತೆ ಕೂತೆದ್ದಳು. ಅಜ್ಜ ಪ್ರತಿಯೊಂದನ್ನೂ ಪ್ರಸಾದವೆಂದು ಮುಗಿಸಿದರು. ಕೊನೆಗೆ ಏಳಲಾಗದೆ ಕಟ್ಟೆಗೊರಗಿ, ಓಣಿಯಲ್ಲಿ ಕುಂಟಾಟವಾಡುತ್ತಿದ್ದ ಮೊಮ್ಮಗಳನ್ನು ನೋಡಿದರು. ಆಕೆ ಕುಂಟಿದಳು, ಮೇಕೆಮರಿಯ ಹಿಂದೆ ಓಡಿದಳು, ಗೋಡೆ ಹತ್ತಿದಳು, ಜಿಗಿದಳು, ನಕ್ಕಳು, ಮತ್ತೆ ಕುಂಟಿದಳು. ಊರೆಲ್ಲ ಉಂಡ ತಮಗೆ ಕಾಲು ಮಡಚಲು ಬರುತ್ತಿಲ್ಲ. ಅರ್ಧ ಭಕ್ರಿಯಲ್ಲಿ ಇಷ್ಟೆಲ್ಲ ಹೇಗೆ ನಡೆಯುತ್ತದೆ? ಲೋಕದಲ್ಲಿ ಇದಕ್ಕಿಂತ ದೊಡ್ಡ ಪವಾಡ ಇನ್ನೊಂದಿರಲಾರದು ಎನಿಸಿ ಅವರ ಕಣ್ಣು ತೇವವಾಯಿತು. ಅರ್ಧ ಭಾಗ ಹೊಟ್ಟೆಯ ಸಂಕಟಕ್ಕೂ ಇದ್ದೀತು.

ಸಂಜೆಗೆ ವಿಮಲಾಬಾಯಿ ಬಂದರು. ನೀರೂ ಕುಡಿಯದೆ ಎಲ್ಲರನ್ನೂ ಶರಫೋದ್ದೀನನ ಆಟೋ ಹತ್ತಿಸಿದರು. ದವಾಖಾನೆಯಲ್ಲಿ ಶೈಲಶ್ರೀ ತೂಕದ ಯಂತ್ರದ ಮೇಲೆ ನಿಂತಾಗ ಬಸವಣ್ಣೆಪ್ಪ ಕತ್ತು ಚಾಚಿ ಯಂತ್ರವನ್ನೇ ನೋಡಿದರು.

"ತೂಕ, ಎತ್ತರ ಎರಡೂ ವಯಸ್ಸಿಗಿ ಸರಿಯಾಗೇ ಅದಾವರಿ," ಎಂದರು ನಾಹೀದ. "ಮುಂಜಾನಿ ಅದೇ ಹೇಳ್ಬೇಕಂದ್ರ ಇವರು ನಿಲ್ಲಲೇ ಇಲ್ಲ. ಒಂದು ದಿನ ಕಡಿಮಿ ತಿಂತಾವ, ಒಂದು ದಿನ ಹೆಚ್ಚು ತಿಂತಾವ, ವಾರದಾಗ ಸರಿ ಮಾಡ್ಕೋತಾವ. ತಮ್ಮ ಹೊಟ್ಟಿ ಅಳತಿ ಮಕ್ಕಳಿಗಿ ಗೊತ್ತಿರ್ತದ. ಸಾಕಂದ್ರ ಸಾಕು."

ಬಸವಣ್ಣೆಪ್ಪನವರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ವಿಜಯದ ಉತ್ಸಾಹದಲ್ಲಿ ತಟ್ಟನೆ ಎದ್ದರು. ಎದ್ದವರು ತೂರಾಡಿ ಮೇಜು ಹಿಡಿದುಕೊಂಡರು.

ನಾಹೀದ ಅವರನ್ನು ಕೂರಿಸಿ ಬೆರಳಿಗೆ ಸೂಜಿ ಚುಚ್ಚಿದರು. ಪುಟ್ಟ ಯಂತ್ರವನ್ನು ನೋಡಿ ಹುಬ್ಬು ಏರಿಸಿದರು. "ಶುಗರ್ ಹಿಂಗ್ಯಾಕ ಏರ್ಯದರಿ? ಇವತ್ತ ಏನ್ ತಿಂದೀರಿ?"

ಶೈಲಶ್ರೀ ಮುಂದೆ ಬಂದು ಹೆಮ್ಮೆಯಿಂದ ವರದಿ ಒಪ್ಪಿಸಿದಳು. "ನಾ ಬಿಟ್ಟಿದ್ದೆಲ್ಲಾ ಮುತ್ಯಾ ತಿಂದಾನ. ಹೋಳಿಗಿ, ಮೀಠಾ, ಹುಗ್ಗಿ. ದಿನಾ ತಿಂತಾನ."

"ಇನ್ನು ಮ್ಯಾಲ ಕೂಸಿನ ತಾಟಿಗಿ ಕೈ ಹಚ್ಚಬ್ಯಾಡ್ರಿ," ಎಂದರು ಡಾಕ್ಟರು. "ಆಕಿಗಿ ಮುಕ್ಕಾಲು ಟಿಕೀಟು. ನಿಮಗ ಸದ್ಯಕ್ಕ ಸಿಹಿ ಪೂರಾ ಬಂದ್. ನಾಳಿಗೇ ದೊಡ್ಡೋರ ಡಾಕ್ಟರಿಗಿ ತೋರಸ್ರಿ."

ವಿಮಲಾಬಾಯಿ ಶೈಲಶ್ರೀಯ ಕೈ ಹಿಡಿದುಕೊಂಡರು. ಅವರ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ನಿಜವಾದ ಕಳವಳವಿತ್ತು. "ಕೂಸು ಇರೋತನಕ ತಾಟಿನ್ಯಾಗ ಉಳಿತದ, ಉಳಿಯೋತನಕ ನೀವು ಬಿಡಂಗಿಲ್ಲ, ಬೀಗರ. ನಿಮ್ಮ ಶುಗರ್ ಇಳಿಯೋತನಕ ಆಕಿ ಔರಾದದಾಗ ಇರ್ಲಿ."

ಆಟೋ ನೇರ ಬಸ್ ಸ್ಟ್ಯಾಂಡಿಗೆ ಹೋಯಿತು. ಭಾಲ್ಕಿಯ ಬಸ್ಸಿಳಿದ ಮಗ-ಸೊಸೆ ಅಲ್ಲೇ ಸಿಕ್ಕರು. ಅವರೂ ವಿಮಲಾಬಾಯಿಯ ಪಕ್ಷವೇ. "ಸಾಲಿ ಸೂಟಿ ಅದ, ನಿನ್ನ ತಬ್ಯತ್ ಮೊದಲು ನೋಡ್ಕೊ ಅಪ್ಪಾ," ಎಂದ ಮಗ. ಬಸವಣ್ಣೆಪ್ಪ ತಾವು ಆಯುಷ್ಯವಿಡೀ ಹತ್ತಿಳಿದ ಔರಾದಿನ ಬಸ್ಸಿಗೆ ಅಜ್ಜಿ ವಿಮಲಾಬಾಯಿಯ ಜೊತೆ ಮೊಮ್ಮಗಳನ್ನು ಕೈಯಾರೆ ಹತ್ತಿಸಿ, ಕೆಳಗೆ ನಿಂತರು.

ಬಸ್ಸಿನ ಇಂಜಿನ್ ಶುರುವಾಯಿತು. ಕಿಟಕಿಯಿಂದ ಪುಟ್ಟ ಕೈಯೊಂದು ಹೊರಗೆ ಬಂತು. ಅಜ್ಜಿ ಕೊಡಿಸಿದ ಪೇಢೆಯನ್ನು ಅರ್ಧ ಕಚ್ಚಿ, ಉಳಿದರ್ಧ ಅಜ್ಜನ ಕೈಯಲ್ಲಿಟ್ಟಳು ಶೈಲಶ್ರೀ. "ಸಾಕು ಮುತ್ಯಾ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಬಸವಣ್ಣೆಪ್ಪ ಅಂಗೈ ನೋಡುತ್ತ ನಿಂತರು. ಶರಫೋದ್ದೀನ ಆಟೋದಿಂದಿಳಿದು ಬಂದು ಮೊಬೈಲು ತೆಗೆದ.

"ಪೇಢಾದಾಗ ಎಷ್ಟು ಅದಾವ, ನೋಡ್ಲೇನ್ರಿ ಕಂಡಕ್ಟರ್ ಸಾಬ್?"

"ನೋಡಬ್ಯಾಡ," ಎಂದರು ಬಸವಣ್ಣೆಪ್ಪ. ಮಾತು ಸ್ಪಷ್ಟವಾಗಿ ಬರಲಿಲ್ಲ. ಆಗಲೇ ಬಾಯಿ ತುಂಬಿತ್ತು.