ಕಾರಂಜಿಯ ಜಾಗದಲ್ಲಿ ನಿಂತ ಟೈಲರ್ ಕಾಕ

ನಕ್ಷೆ ಬರೆಯುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ನಕ್ಷೆಯಲ್ಲಿ ಏನೂ ಇರುವುದಿಲ್ಲ ಮಾರಾಯರೇ. ಅದನ್ನು ಹಿಡಿದುಕೊಂಡು ಜನರ ನಡುವೆ ಹೋದ ದಿನ ಮಾತ್ರ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಅದು ನಡೆಯುವಾಗ ನಾನು ಅಲ್ಲಿ ಇದ್ದೇ ಇರುತ್ತೇನೆ.

ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ, ಇಪ್ಪತ್ತೆಂಟನೇ ಮಹಡಿಯಲ್ಲಿ, ನಗರ ಯೋಜನೆ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಡ್ರಾಫ್ಟ್ಸ್‌ಮನ್. ಹನ್ನೊಂದು ವರ್ಷ ಯಾರ್ಯಾರದೋ ವಿಲ್ಲಾಗಳ ಚರಂಡಿಗೆ ಗೆರೆ ಎಳೆದವನು. ಇಲ್ಲಿ ನಗರಸಭೆಗೆ ಬಲದಿಯಾ ಅನ್ನುತ್ತಾರೆ. ಆ ಬಲದಿಯಾದಿಂದ ನಮಗೆ ಒಂದು ದೊಡ್ಡ ಕೆಲಸ ಬಂತು. ಸತ್ವಾ ಕಡೆಯ ಹಳೆ ಬಡಾವಣೆಯೊಂದಕ್ಕೆ ಸಮಗ್ರ ಅಭಿವೃದ್ಧಿ ಯೋಜನೆ! ರಸ್ತೆ, ಚರಂಡಿ, ನೆರಳು, ಉದ್ಯಾನ, ಅಂಗಡಿ, ಮನೆ ಎಲ್ಲ ಒಂದೇ ಪುಸ್ತಕದಲ್ಲಿ. ಬಡಾವಣೆಯ ಹೆಸರು ಕೇಳಿ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅದು ನಾನೇ ವಾಸ ಮಾಡುವ ಬಡಾವಣೆ! ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿಗೆ ಕಾರ್ಕಳಕ್ಕೆ ಫೋನ್ ಮಾಡಿ, "ಇನ್ನು ನಮ್ಮ ಗಲ್ಲಿ ಹೇಗಿರಬೇಕು ಅಂತ ನಾನು ಹೇಳುದು, ಗೊತ್ತುಂಟಾ?" ಅಂದೆ. "ಮೊದಲು ನಿಮ್ಮ ಕೋಟು ಸಿಕ್ತಾ ಹೇಳಿ" ಅಂದಳು.

ಕೋಟಿನ ಕಥೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಗಲ್ಲಿಯಲ್ಲಿ ಒಬ್ಬರು ಟೈಲರ್ ಇದ್ದಾರೆ, ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರು. ಎಲ್ಲರಿಗೂ ಅವರು ಕಾಕ. ಕೋಟು, ಪ್ಯಾಂಟು, ಇಲ್ಲಿಯವರು ತೊಡುವ ಉದ್ದನೆಯ ಬಿಳಿ ಕಂದೂರಾ, ಯಾವುದನ್ನು ಹೊಲಿದರೂ ಮೈಗೆ ಅಂಟಿಸಿದ ಹಾಗೆ ಕೂರುತ್ತದೆ. ಆದರೆ ಯಾವತ್ತು ಕೇಳಿದರೂ ಉತ್ತರ ಒಂದೇ, "ನಾಳೆ." ತಂಗಿಯ ಮದುವೆಗೆಂದು ನಾನು ಕೋಟಿನ ಬಟ್ಟೆ ಕೊಟ್ಟಿದ್ದೆ. ತಂಗಿಯ ಮಗ ಈಗ ಬಾಲವಾಡಿಗೆ ಹೋಗುತ್ತಾನೆ. ಆದರೂ ಕಾಕನ ಅಂಗಡಿ ಬಿಟ್ಟು ಬೇರೆಡೆ ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಸಂಜೆ ಕೆಲಸ ಬಿಟ್ಟು ಬಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಊರಿನ ಸುದ್ದಿ ಮಾತಾಡದೆ ನಮಗೆ ಊಟ ಸೇರುವುದಿಲ್ಲ.

ನೆರಳು ಸರಿದಾಗ

ಮೊದಲು ಜನ ಎಲ್ಲೆಲ್ಲಿ ನಡೆಯುತ್ತಾರೆ ಎಂದು ನೋಡಬೇಕಿತ್ತು. ನಮ್ಮ ಮುಖ್ಯಸ್ಥರು ತುಂಬಾ ಚಳಿಯ ದೇಶದವರು, ಒಳ್ಳೆಯ ಮನುಷ್ಯ. ಜುಲೈ ತಿಂಗಳ ಬೆಳಿಗ್ಗೆ ನಮ್ಮ ಗಲ್ಲಿಗೆ ಬಂದು, ಎಸಿ ಹಾಕಿದ ಕಾರಿನೊಳಗೇ ಕೂತು ಎರಡು ಗಂಟೆ ನೋಡಿದರು. ಕಾಕನ ಅಂಗಡಿಯ ಬದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಎದುರಿನ ಬದಿಯಲ್ಲೇ.

"ಈ ಬದಿ ಯಾರಿಗೂ ಬೇಡವಾಗಿದೆ" ಎಂದು ಬರೆದುಕೊಂಡರು.

ಸಂಜೆಯ ತಂಡ ಬೇರೆ. ಅವರು ಬಂದಾಗ ಎದುರಿನ ಬದಿ ಖಾಲಿ, ಕಾಕನ ಬದಿಯಲ್ಲಿ ಕಾಲಿಡಲು ಜಾಗ ಇಲ್ಲ. ಅವರೂ "ಆ ಬದಿ ಯಾರಿಗೂ ಬೇಡವಾಗಿದೆ" ಎಂದು ಬರೆದರು. ಮರುದಿನ ಸಭೆಯಲ್ಲಿ ಬೆಳಗಿನವರೂ ಸಂಜೆಯವರೂ ಮೇಜು ಕುಟ್ಟಿ ಜಗಳಕ್ಕೆ ನಿಂತರು. ನಾನು ಕೈ ಎತ್ತಿ, "ಸರ್, ಬೆಳಿಗ್ಗೆ ನೆರಳು ಆ ಬದಿಗೆ, ಸಂಜೆ ಈ ಬದಿಗೆ. ನಾವು ನೆರಳು ನೋಡಿ ನಡೆಯುವುದು" ಅಂದೆ.

ಮುಖ್ಯಸ್ಥರು ತುಂಬ ಹೊತ್ತು ಯೋಚಿಸಿ ವರದಿಯಲ್ಲಿ ಬರೆಸಿದರು: "ನಿವಾಸಿಗಳು ದಿನಕ್ಕೆ ಎರಡು ಬಾರಿ ಮನಸ್ಸು ಬದಲಾಯಿಸುತ್ತಾರೆ. ಮನಃಶಾಸ್ತ್ರಜ್ಞರ ಅಭಿಪ್ರಾಯ ಪಡೆಯುವುದು ಒಳ್ಳೆಯದು."

ಹಾರ್ನ್

ಆಮೇಲೆ ಬಂದವರು ಟ್ರಾಫಿಕ್ ತಜ್ಞರೊಬ್ಬರು. ನಮ್ಮ ಗಲ್ಲಿ ಮುಖ್ಯರಸ್ತೆಗೆ ಸೇರುವಲ್ಲಿ ಹಗಲಿಡೀ ಕಾರುಗಳು ನಿಲ್ಲುತ್ತವೆ, ಹಾರ್ನ್ ಹೊಡೆಯುತ್ತವೆ. ಅವರು ಕಂಬಕ್ಕೆ ಶಬ್ದ ಅಳೆಯುವ ಯಂತ್ರ ಕಟ್ಟಿ, ಕ್ಯಾಮೆರಾ ಇಟ್ಟು, ಒಂದು ವಾರ ಕಾದರು. ಕೊನೆಗೆ ಬಂದ ತೀರ್ಮಾನ ಕೇಳಿ ನಾನು ಬೆವರಿದೆ. ಇಲ್ಲಿ ವಿಪರೀತ ದಟ್ಟಣೆ, ಚಾಲಕರು ತೀವ್ರ ಹತಾಶೆಯಲ್ಲಿದ್ದಾರೆ, ಒಂದು ಮೇಲ್ಸೇತುವೆ ಅಗತ್ಯ!

ತಜ್ಞರ ತೋಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. "ಒಮ್ಮೆ ನಿಮ್ಮ ಕಾರಿನ ಹಾರ್ನ್ ಹೊಡೆಯಿರಿ" ಅಂದೆ. ಅವರು ಹೊಡೆದರು. ಕೂಡಲೇ ಮೂಲೆಯ ಕೆಫೆಟೀರಿಯಾದಿಂದ ಮಲಯಾಳಿಯೊಬ್ಬ ಓಡಿಬಂದು ಕಿಟಕಿಗೆ ಬಗ್ಗಿದ. "ಎಷ್ಟು ಚಾಯ? ಸಕ್ಕರೆ ಬೇಕಾ?"

ಇಡೀ ಯುಎಇಯಲ್ಲಿ ಯಾರೂ ಚಹಾಕ್ಕೆ ಕಾರಿನಿಂದ ಇಳಿಯುವುದಿಲ್ಲ, ಹಾರ್ನ್ ಹೊಡೆದರೆ ಚಹಾ ಬರುತ್ತದೆ ಎಂಬುದು ಆ ತಜ್ಞರಿಗೆ ಗೊತ್ತೇ ಇರಲಿಲ್ಲ. ಏಲಕ್ಕಿ ಹಾಕಿದ ಕಡಕ್ ಚಹಾ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. ಮೇಲ್ಸೇತುವೆಗೆ ಅಲ್ಲೇ ಖಲಾಸ್ ಹೇಳಿದರು.

ಮರುವಾರ ಅಳತೆ ಮಾಡಿದಾಗ ಹಾರ್ನಿನ ಸಂಖ್ಯೆ ಇನ್ನೂ ಹೆಚ್ಚಾಗಿತ್ತು. ವಿಚಾರಿಸಿದರೆ, ಹೆಚ್ಚಿನವು ಆ ತಜ್ಞರವೇ.

ನಾನು ಗೆಸ್ಟ್

ಇಲ್ಲಿಂದ ವಿಷಯ ಕೆಟ್ಟಿತು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಸಮೀಕ್ಷೆ ಶುರುವಾಯಿತು. ನಮ್ಮದು ಹಂಚಿಕೊಂಡ ವಿಲ್ಲಾ. ಹಾಲ್‌ಗೆ ಪ್ಲೈವುಡ್ ಅಡ್ಡ ಹಾಕಿ ಮೂರು ಕೋಣೆ ಮಾಡಿದ್ದೇವೆ, ಒಂದೇ ಮನೆಯಲ್ಲಿ ಅಷ್ಟು ಜನ ಇರಲು ಇಲ್ಲಿಯ ಕಾನೂನು ಬಿಡುವುದಿಲ್ಲ. ಯಾರಾದರೂ ಫೈಲು ಹಿಡಿದುಕೊಂಡು ಬಾಗಿಲು ಬಡಿದರೆ ನಮ್ಮೆಲ್ಲರಿಗೂ ಒಂದೇ ಹೆದರಿಕೆ, ಎಷ್ಟು ಜನ ಇದ್ದಾರೆ ಎಂದು ಎಣಿಸಲು ಬಂದರಾ?

"ಈ ಮನೆಯಲ್ಲಿ ಎಷ್ಟು ಜನ ವಾಸ ಇದ್ದೀರಿ?" ಎಂದು ಸಮೀಕ್ಷೆಯವರು ಕೇಳಿದ್ದಾರೆ.

"ಒಬ್ಬರೂ ಇಲ್ಲ" ಅಂದಿದ್ದಾನೆ ನನ್ನ ಪಕ್ಕದ ಮಂಚದವನು. "ನಾನು ಗೆಸ್ಟ್."

"ಒಳಗೆ ಅಡುಗೆ ಮಾಡುವವರು?"

"ಅವರೂ ಗೆಸ್ಟ್."

"ಆ ಬಟ್ಟೆ ಒಗೆಯುವವರು?"

"ಅವರು ನಿನ್ನೆ ಬಂದ ಗೆಸ್ಟ್."

ಗಲಾಟೆ ಕೇಳಿ ನಾನು ಲುಂಗಿ ಎತ್ತಿ ಕಟ್ಟಿಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ನಿಂತವನು ನಮ್ಮ ಆಫೀಸಿನವನೇ, ದಿನಾ ನನ್ನ ಎದುರಿನ ಮೇಜಿನಲ್ಲಿ ಕೂರುವವನು! ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಬಾಯಿ ನನ್ನ ಮಾತು ಕೇಳಲಿಲ್ಲ. "ನಾನೂ ಗೆಸ್ಟ್" ಅಂದುಬಿಟ್ಟೆ.

ಇಡೀ ಗಲ್ಲಿ ಅದನ್ನೇ ಹೇಳಿತ್ತು. ಅಂಕಿಅಂಶ ಎಲ್ಲ ಸೇರಿಸಿ ಮುಖ್ಯಸ್ಥರು ಸಭೆಯಲ್ಲಿ ಮುಖ ಅರಳಿಸಿ ಹೇಳಿದರು, "ನಿವಾಸಿಗಳು ಕಡಿಮೆ, ಅತಿಥಿಗಳು ಸಾವಿರಾರು! ಈ ಬಡಾವಣೆಯಲ್ಲಿ ಪ್ರವಾಸೋದ್ಯಮಕ್ಕೆ ಅಪಾರ ಅವಕಾಶ ಇದೆ!"

ಅಂದೇ ನಕ್ಷೆಯಲ್ಲಿ ಒಂದು ಹೋಟೆಲ್ ಬಂತು. ಹೋಟೆಲಿನ ಮುಂದೆ ಒಂದು ಚೌಕ, ಚೌಕದ ನಡುವೆ ಸಂಗೀತಕ್ಕೆ ಕುಣಿಯುವ ಕಾರಂಜಿ. ಜಾಗಕ್ಕೆ ಕಷ್ಟವೇ ಆಗಲಿಲ್ಲ, "ಯಾರಿಗೂ ಬೇಡವಾದ ಬದಿ" ಹೇಗೂ ಇತ್ತಲ್ಲ. ಕಾಕನ ಅಂಗಡಿಯ ಸಾಲು ಪೂರ್ತಿ ಅಳಿಸಿ ಕಾರಂಜಿಯ ವೃತ್ತ ಎಳೆಯಬೇಕಾದವನು ನಾನೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕೈ ಮೌಸಿನ ಮೇಲೆ ಓಡಲಿಲ್ಲ. ನಿಜ ಹೇಳುತ್ತೇನೆ, ಅಳು ಬಂತು. ಮುಖ್ಯಸ್ಥರ ಹತ್ತಿರ ಹೋಗಿ, "ಸರ್, ಅವರೆಲ್ಲ ಗೆಸ್ಟ್ ಅಲ್ಲ, ಹೆದರಿ ಸುಳ್ಳು ಹೇಳಿದ್ದು" ಅಂದೆ.

"ನಿನಗೆ ಹೇಗೆ ಗೊತ್ತು? ನೀನು ಅಲ್ಲಿಯ ನಿವಾಸಿಯೇ?" ಎಂದು ಅವರು ವರದಿ ತೆಗೆದು ನೋಡಿದರು. "ಇಲ್ಲಿ ನೀನೂ ಗೆಸ್ಟ್ ಅಂತಲೇ ಇದೆಯಲ್ಲ?"

ಸ್ವೆಟರ್ ಹಾಕಿದವರು

ದೊಡ್ಡ ಸಭೆಗೆ ತೋರಿಸಲು ಬಣ್ಣದ ಚಿತ್ರಗಳು ಬೇಕು. ಯೋಜನೆ ಮುಗಿದ ಮೇಲೆ ಬಡಾವಣೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾಡುವ ಚಿತ್ರ. ಅದರೊಳಗೆ ಓಡಾಡುವ ಮನುಷ್ಯರು ರೆಡಿಮೇಡ್ ಸಿಗುತ್ತಾರೆ, ಎತ್ತಿ ಅಂಟಿಸುವುದಷ್ಟೇ ಕೆಲಸ. ನಾನು ಅಂಟಿಸಿದವರನ್ನು ನೋಡಿ ಮುಖ್ಯಸ್ಥರೇ ತಲೆ ಚಚ್ಚಿಕೊಂಡರು. ಎಲ್ಲರೂ ಹೊಂಬಣ್ಣದ ಕೂದಲಿನವರು, ಉಣ್ಣೆಯ ಸ್ವೆಟರ್ ಹಾಕಿದವರು, ನಾಯಿ ಹಿಡಿದುಕೊಂಡವರು. ಒಬ್ಬಳ ಕೈಯಲ್ಲಿ ಕೊಡೆ ಬೇರೆ.

"ಇಲ್ಲಿಯ ಜನ ಬೇಕು" ಅಂದರು.

"ಇಲ್ಲಿಯವರನ್ನೇ ತರುತ್ತೇನೆ ಸರ್" ಎಂದು ಕ್ಯಾಮೆರಾ ಹಿಡಿದುಕೊಂಡು ಓಡಿದೆ. ಚಹಾದವನನ್ನು ತೆಗೆದೆ. ಪಕ್ಕದ ಮಂಚದವನನ್ನು ತೆಗೆದೆ. ಬಸ್‌ಸ್ಟಾಪಿಗೆ ಹೋಗುತ್ತಿದ್ದ ಶಿರ್ವ ಕಡೆಯ ನರ್ಸ್‌ಬಾಯಿಯನ್ನು ಕೇಳಿ ತೆಗೆದೆ. ಕೊನೆಗೆ ಕಾಕನ ಅಂಗಡಿಗೆ ಹೋದೆ. ಕೊರಳಿಗೆ ಟೇಪು ಹಾಕಿಕೊಂಡು ಅವರು ಬಾಗಿಲಲ್ಲಿ ನಿಂತರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಕಾಕ, ನಕ್ಷೆಯಲ್ಲಿ ನಿಮ್ಮ ಅಂಗಡಿ ಇಲ್ಲ. ಅಲ್ಲಿ ಕಾರಂಜಿ ಬರ್ತದೆ."

ಅವರು ತಿರುಗಿ ಅಂಗಡಿಯೊಳಗೆ ನೋಡಿದರು. ಇಪ್ಪತ್ತಾರು ವರ್ಷದಿಂದ ಅದೇ ಬಾಗಿಲು, ಅದೇ ಮಿಷನ್. ಆಮೇಲೆ ಕೇಳಿದರು, "ಎಲ್ಲ ಪಾಸಾಯ್ತಾ?"

"ಇಲ್ಲ, ಗುರುವಾರ ಸಭೆ ಉಂಟು. ಬಲದಿಯಾದ ದೊಡ್ಡ ಅಧಿಕಾರಿ ಬರ್ತಾರೆ."

"ಹಾಗಾದ್ರೆ ಫೋಟೋ ಸರಿ ತೆಗಿ ಮಾರಾಯ. ಅಂಗಡಿ ಹೋದ್ರೂ ನಾನು ಚಂದ ಕಾಣ್ಬೇಕಲ್ಲ."

"ಕಾಕ, ಹೇಗೂ ಅಂಗಡಿ ಹೋಗ್ತದೆ. ನನ್ನ ಕೋಟು?"

"ನಾಳೆ" ಅಂದರು.

ಎರಡು ಗುಂಡಿ

ಗುರುವಾರ ನಮ್ಮ ಮುಖ್ಯಸ್ಥರು ಒಂದು ಗಂಟೆ ಮಾತಾಡಿದರು. ಅಧಿಕಾರಿ ಮಿತಭಾಷಿ, ಇಸ್ತ್ರಿ ಕೆಡದ ಕಂದೂರಾ. ಅಕ್ಕಪಕ್ಕ ಅವರ ಸಹಾಯಕರು. ನಾನು ಕೊನೆಯ ಸಾಲಿನಲ್ಲಿ ಲ್ಯಾಪ್‌ಟಾಪ್ ಒತ್ತುವವನು. ಅಧಿಕಾರಿ ನೆರಳಿಗೂ ತಲೆ ಆಡಿಸಲಿಲ್ಲ, ಹೋಟೆಲಿಗೂ ಆಡಿಸಲಿಲ್ಲ. ಕಾರಂಜಿಯ ಚಿತ್ರ ಬಂದಾಗ ಮಾತ್ರ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಇದನ್ನು ದೊಡ್ಡದು ಮಾಡಿ."

ಮುಖ್ಯಸ್ಥರು ಹಿಗ್ಗಿ ಕಾರಂಜಿಯನ್ನು ದೊಡ್ಡದು ಮಾಡಿಸಿದರು.

"ಕಾರಂಜಿ ಅಲ್ಲ. ಪಕ್ಕದಲ್ಲಿ ನಿಂತವನು." ಪರದೆಯ ತುಂಬ ಕಾಕ, ಕೊರಳಲ್ಲಿ ಟೇಪು, ಮುಖದಲ್ಲಿ ನಗು. "ಇವನು ನನ್ನ ಟೈಲರ್! ಇವನ ಅಂಗಡಿ ನಕ್ಷೆಯಲ್ಲಿ ಎಲ್ಲಿದೆ?"

ಮುಖ್ಯಸ್ಥರು ನನ್ನ ಕಡೆ ತಿರುಗಿದರು. ಎದ್ದು ನಿಂತು ಹೇಳಿಯೇಬಿಟ್ಟೆ, "ಸರ್, ಕಾರಂಜಿಯ ಅಡಿಯಲ್ಲಿದೆ."

ಅಧಿಕಾರಿಯ ಮುಖ ಕೆಂಪಾಯಿತು. "ಈದ್‌ಗೆಂದು ಕೊಟ್ಟ ನನ್ನ ಕಂದೂರಾ ಅವನ ಹತ್ತಿರವೇ ಇದೆ! ಯಾವಾಗ ಕೇಳಿದರೂ ನಾಳೆ ಅನ್ನುತ್ತಾನೆ."

"ನನ್ನದೂ ಎರಡು ಅಲ್ಲೇ ಇವೆ" ಅಂದರು ಬಲಗಡೆಯ ಸಹಾಯಕರು. ಎಡಗಡೆಯವರು ಮೆಲ್ಲಗೆ ಮೂರು ಬೆರಳು ತೋರಿಸಿದರು.

"ನನ್ನ ಕಂದೂರಾ ನನ್ನ ಕೈಗೆ ಬರುವವರೆಗೆ ಆ ಸಾಲಿನ ಒಂದು ಕಲ್ಲೂ ಅಲ್ಲಾಡಬಾರದು" ಎಂದು ಅಧಿಕಾರಿ ಫೈಲು ಮುಚ್ಚಿದರು. "ಯಲ್ಲಾ, ನಡೆಯಿರಿ, ಮುಂದಿನ ವಿಷಯ."

ನನಗೆ ಕುಣಿಯುವಷ್ಟು ಸಂತೋಷ! ಸಭೆ ಮುಗಿದದ್ದೇ ತಡ, ಮೆಟ್ರೋ ಹಿಡಿದು, ಬಸ್ಸು ಹಿಡಿದು, ಗಲ್ಲಿಯ ಬಾಯಿಯಿಂದ ಓಡಿಕೊಂಡೇ ಬಂದೆ. ಅಂಗಡಿಯೊಳಗೆ ಕಂಡದ್ದು ನೋಡಿ ನನ್ನ ಜೀವವೇ ಹಾರಿಹೋಯಿತು. ಇಪ್ಪತ್ತಾರು ವರ್ಷದಲ್ಲಿ ಯಾರೂ ಕಾಣದ ದೃಶ್ಯ. ಕಾಕ ಬೆವರು ಒರೆಸಿಕೊಳ್ಳುತ್ತ, ತಲೆ ಎತ್ತದೆ, ಬಿಳಿ ಕಂದೂರಾ ಒಂದಕ್ಕೆ ಗುಂಡಿ ಹಾಕುತ್ತಿದ್ದರು!

"ಬಲದಿಯಾದ ಆ ದೊಡ್ಡವರು ಈಗಷ್ಟೇ ಫೋನ್ ಮಾಡಿ ಜೋರು ಮಾಡಿದ್ರು" ಅಂದರು. "ಇನ್ನು ಎರಡೇ ಗುಂಡಿ. ಇವತ್ತು ಸಂಜೆಯೊಳಗೆ ನಾನೇ ಹೋಗಿ ಕೊಟ್ಟು ಬರ್ತೇನೆ."

ನಾನು ಸೂಜಿ ಕಿತ್ತುಕೊಂಡೆ. ಕಂದೂರಾ ಕಿತ್ತುಕೊಂಡೆ. ಸಭೆಯಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಕಾಕ, ನಿಮ್ಮ ದಮ್ಮಯ್ಯ! ಅವರಿಗೆ ನಾಳೆ ಅಂತ ಹೇಳಿ!" ಎಂದು ಕೈಮುಗಿದೆ.

ಕಾಕ ಕನ್ನಡಕ ತೆಗೆದು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅವರ ಮುಖದಲ್ಲಿ ನಿಜವಾದ ನೋವಿತ್ತು.

"ಎಂತ ಮಾತು ಇದು? ಗಿರಾಕಿಗೆ ಹಾಗೆ ಸುಳ್ಳು ಹೇಳಿ ನನಗೆ ಅಭ್ಯಾಸ ಉಂಟಾ?"