ಡಚೆಸ್ ಮತ್ತು ಒಂಬತ್ತನೇ ಷರತ್ತು

ನಾಯಿ ಸಾಕದೆಯೇ ನಾಯಿ ಉದ್ಯಮಿಯಾಗುವುದು ಹೇಗೆಂದು ಮಧುಗಿರಿಗೆ ಮಾತ್ರವಲ್ಲ, ಇಡೀ ಜಿಲ್ಲೆಗೇ ತೋರಿಸಿಕೊಡುತ್ತೇನೆ! ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ತಟ್ಟೆ ಇಡ್ಲಿ ತಿನ್ನುತ್ತಾ. ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಸ್ನೇಹಲತಾ, ಇನ್ನೊಬ್ಬಳು ನಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿ ಡಚೆಸ್. ಇಬ್ಬರೂ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಒಬ್ಬಳಿಗೆ ಇಡ್ಲಿ ಬೇಕಿತ್ತು, ಇನ್ನೊಬ್ಬಳಿಗೆ ತಟ್ಟೆ ತೊಳೆದು ಮುಗಿಸಬೇಕಿತ್ತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಗೋಪಾಲ್ ಅಂತ. ಹದಿನೆಂಟು ವರ್ಷದಿಂದ ಕೋರ್ಟಿನ ಎದುರು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ತಾಲ್ಲೂಕಿನ ಅರ್ಧದಷ್ಟು ಬಾಡಿಗೆ ಕರಾರು, ಗುತ್ತಿಗೆ ಪತ್ರ, ವಿಭಾಗ ಪತ್ರಗಳು ನನ್ನ ಈ ಹತ್ತು ಬೆರಳುಗಳಿಂದಲೇ ಹೊರಟಿವೆ. ಟೈಪ್ ಮಾಡಿದ್ದೇನೆ ಎಂದೆ, ಓದಿದ್ದೇನೆ ಎನ್ನಲಿಲ್ಲ. ಈ ವ್ಯತ್ಯಾಸ ಮುಂದೆ ನನಗೆ ಬಹಳ ದುಬಾರಿಯಾಯಿತು.

ಡಚೆಸ್‌ಳನ್ನು ತಂದದ್ದು ನಾಯಿಮರಿಗಳ ಮಹಾವಂಶವೊಂದನ್ನು ಸ್ಥಾಪಿಸುವ ಕನಸಿನಿಂದ. ಆದರೆ ಆ ವರ್ಷದ ಯುಗಾದಿಯ ದಿನ ನಮ್ಮ ವಂಶಮಾತೆ ಒಬ್ಬಟ್ಟಿಗೆಂದು ರುಬ್ಬಿಟ್ಟ ಹೂರಣವನ್ನು ಪಾತ್ರೆ ಬೆಳಗಿಟ್ಟ ಹಾಗೆ ನೆಕ್ಕಿ ಮುಗಿಸಿ, ಜೀರ್ಣಕ್ಕೆಂದು ಸ್ನೇಹಲತಾಳ ಹೊಸ ಚಪ್ಪಲಿ ಅಗಿದಿದ್ದಳು. ಸ್ನೇಹಲತಾ ಕೂಗಾಡಲಿಲ್ಲ. ಅವಳು ಕೂಗಾಡದಿದ್ದಾಗಲೇ ನನಗೆ ಭಯ. ಉಳಿದ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊಸಿಲ ಮೇಲೆ ನಿಂತಳು.

"ಒಂದು ತಿಂಗಳು ಟೈಮ್ ಕೊಡ್ತೀನಿ. ಇವಳಿಗೆ ಬೇರೆ ಮನೆ ನೋಡಿ. ಆಮೇಲೆ ನಾಲ್ಕು ಕಾಲಿಂದು ಯಾವುದಾದ್ರೂ ಈ ಹೊಸಿಲು ದಾಟಿ ಒಳಗೆ ಬಂತೋ, ಎರಡು ಕಾಲಿಂದು ಒಂದು ಆಚೆ ಹೋಗುತ್ತೆ. ಅದು ನಾನಂತೂ ಅಲ್ಲ."

ಮನೆ ಅವಳ ಅಪ್ಪ ಕಟ್ಟಿಸಿಕೊಟ್ಟದ್ದಾದ್ದರಿಂದ ಈ ಮಾತಿಗೆ ಕಾನೂನಿನ ಬಲವೂ ಇತ್ತು.

ಆಗ ಫೋನಿನಲ್ಲಿ ನನಗೆ ಜ್ಞಾನೋದಯವಾಯಿತು. ವಿದೇಶದ ದೊಡ್ಡ ದೊಡ್ಡ ತಳಿಗಾರರು ನಾಯಿಗಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದೇ ಇಲ್ಲವಂತೆ. ಒಳ್ಳೆಯ ಸಂಸಾರಸ್ಥರ ಮನೆಗೆ ಸಾಕಲು ಕೊಡುತ್ತಾರಂತೆ. ನಾಯಿ ಅವರ ಮನೆಮಗಳ ಹಾಗೆ ಬೆಳೆಯುತ್ತದೆ, ಮರಿಗಳ ಹಕ್ಕು ಮಾತ್ರ ಮಾಲೀಕರದು. ಅನ್ನ ಅವರದು, ವಂಶ ನಮ್ಮದು! ಇಡ್ಲಿಯ ಮುಂದೆ ನಾನು ಘೋಷಿಸಿದ್ದು ಇದನ್ನೇ.

"ಅಂದ್ರೆ ಮರಿ ಹಾಕೋ ಹಕ್ಕು ನಿಮ್ಮದು" ಎಂದಳು ಸ್ನೇಹಲತಾ. "ಹಾಕಿ ನೋಡೋಣ."

ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತಿಗೆಲ್ಲ ಕಿವಿಗೊಡಬಾರದು. ಅಂದೇ ಅಂತರ್ಜಾಲದಲ್ಲಿ ಇಂಗ್ಲಿಷಿನ ಒಂದು ಕರಾರು ಪತ್ರ ಹುಡುಕಿದೆ, ಫೋನಿನಿಂದಲೇ ಕನ್ನಡಕ್ಕೆ ತಿರುಗಿಸಿದೆ, ಹನ್ನೆರಡು ಷರತ್ತುಗಳು ಬಂದವು. ಮೂರರವರೆಗೆ ಓದಿದೆ. ಭಾಷೆ ಬಲು ಗಂಭೀರವಾಗಿತ್ತು. ಉಳಿದವೂ ಹಾಗೇ ಇರುತ್ತವೆಂದು ಛಾಪಾ ಕಾಗದದ ಮೇಲೆ ಪ್ರಿಂಟ್ ಒತ್ತಿದೆ.

ಇನ್ನು ಸಂಸಾರಸ್ಥರ ಹುಡುಕಾಟ. ಹೆಣ್ಣಿಗೆ ಗಂಡು ಹುಡುಕುವುದು ಇದಕ್ಕಿಂತ ಸುಲಭ. ಮಧುಗಿರಿಯಲ್ಲಿ ಒಬ್ಬರು ರಾತ್ರಿ ಕಾವಲು ಕಾಯುತ್ತಾಳಾ ಎಂದು ಕೇಳಿದರು. ಕಳ್ಳನಿಗೆ ಬಾಲ ಆಡಿಸಿ ಒಳಗೆ ಕರೆಯುತ್ತಾಳೆ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ, ಸಂಬಂಧ ಮುರಿಯಿತು. ಕೊರಟಗೆರೆಯ ಮೇಷ್ಟ್ರೊಬ್ಬರು ಎಲ್ಲಕ್ಕೂ ಒಪ್ಪಿ, ಮುದ್ದೆ ಹಾಕಬಾರದು ಎಂಬ ನನ್ನ ಬಾಯಿಮಾತಿನ ಷರತ್ತಿಗೆ ಎದ್ದು ನಡೆದರು. ಮುದ್ದೆ ತಿನ್ನದವರ ಜೊತೆ ಅವರಿಗೆ ವ್ಯವಹಾರವೇ ಬೇಡವಂತೆ. ಗಡುವಿಗೆ ಒಂಬತ್ತು ದಿನ ಉಳಿದಿತ್ತು. ಸ್ನೇಹಲತಾ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಳು.

ಆಗ ಬಂದವನು ಪಾವಗಡದಾಚೆಯ ಕ್ಯಾತಗಾನಚೆರ್ಲುವಿನ ಕ್ಯಾತಣ್ಣ. ಜಮೀನನ್ನು ಸೋಲಾರ್ ವಿದ್ಯುತ್ ಕಂಪನಿಗೆ ಗುತ್ತಿಗೆ ಕೊಟ್ಟು ನಲವತ್ತು ಕುರಿ ಇಟ್ಟುಕೊಂಡವನು. ಯಾವುದೋ ಕಾಗದದ ಜೆರಾಕ್ಸಿಗೆ ಬಂದಿದ್ದ. ಅಂಗಡಿಯ ಮೇಜಿನ ಕೆಳಗಿದ್ದ ಡಚೆಸ್ ತೆವಳಿಕೊಂಡು ಬಂದು ಅವನ ಪಾದದ ಮೇಲೆ ತಲೆಯಿಟ್ಟು ನಿದ್ದೆಹೋದಳು. ಅವಳು ಏಳುವವರೆಗೆ ಆತ ಕಾಲು ಅಲ್ಲಾಡಿಸಲಿಲ್ಲ, ಅರ್ಧ ಗಂಟೆ. ನಾನು ನನ್ನ ಯೋಜನೆಯನ್ನು ವಿವರಿಸಿದೆ. ವಿದೇಶದವರು ಕಂಡುಹಿಡಿದ ಪದ್ಧತಿ ಎಂದೂ ಸೇರಿಸಿದೆ.

"ವಾರಕ್ಕೆ ಕುರಿ ಸಾಕ್ದಂಗೆ ಅನ್ನಿ" ಎಂದ ಕ್ಯಾತಣ್ಣ. "ಅವ್ರ ಕುರಿ ನಾವು ಮೇಯ್ಸೋದು, ಮರಿ ಹಂಚ್ಕೊಳ್ಳೋದು. ನಮ್ ತಾತನ ಕಾಲ್ದಿಂದ ಐತಲ್ಲ ಸ್ವಾಮಿ."

ಆದರೆ ಕಾಗದಕ್ಕೆ ಅಲ್ಲೇ ಸಹಿ ಹಾಕಲು ಮಾತ್ರ ಒಪ್ಪಲಿಲ್ಲ. ಗುತ್ತಿಗೆ ಪತ್ರವನ್ನು ಸೊಸೆ ಚಿತ್ರಾ ಸಾಲುಸಾಲಾಗಿ ಓದಿ ಹೇಳಿದ ಮೇಲೇ ಸಹಿ ಹಾಕಿದ್ದನಂತೆ. ಅಂದಿನಿಂದ ಮನೆಯಲ್ಲಿ ಅದೇ ನಿಯಮ. ಕರಾರನ್ನು ಮಡಿಚಿ ಜೇಬಿಗಿಟ್ಟು ಹೋದ. ಹಳ್ಳಿಯವರ ಅನುಮಾನಕ್ಕೆ ನಾನು ಒಳಗೊಳಗೇ ನಕ್ಕೆ. ನಾಲ್ಕು ದಿನಕ್ಕೆ ಪುಟಪುಟಕ್ಕೂ ಸಹಿ ಹಾಕಿ ತಂದ.

"ಎಲ್ಲಾ ಒಪ್ಗೆ ಸ್ವಾಮಿ. ಆ ಒಂಬತ್ನೇದು ಕೇಳಿ ನಮ್ ಮನೆಯಾಕೆ ಕೆಂಪಕ್ಕ ಕಣ್ಣಾಗೆ ನೀರು ತಂದ್ಕಂಬುಟ್ಳು. ಈ ಕಾಲ್ದಾಗೂ ಇಂಗೆ ಬರ್ಯೋರು ಅವ್ರಾ ಅಂದ್ಲು."

ಒಂಬತ್ತನೆಯದರಲ್ಲಿ ಏನಿದೆಯೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದುಂಟೇ? ದೊಡ್ಡ ಮನುಷ್ಯನ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸಿ, "ಅದನ್ನ ಬೇಕು ಅಂತಲೇ ಹಾಕಿದ್ದು" ಎಂದೆ.

ಡಚೆಸ್ ಹೊರಟುಹೋದಳು. ನಾನು ಎರಡು ದಿನ ಊಟ ಸೇರದೆ ಕೂತೆ. ಸ್ನೇಹಲತಾ ಮನೆ ತೊಳೆದಳು.

ಮುಂದಿನ ತಿಂಗಳು ತಪಾಸಣೆಗೆಂದು ಕ್ಯಾತಗಾನಚೆರ್ಲುವಿಗೆ ಹೋದರೆ ಅಲ್ಲಿ ಡಚೆಸ್ ಎಂಬ ನಾಯಿಯೇ ಇರಲಿಲ್ಲ. ಲಚ್ಚಿ ಎಂಬ ನಾಯಿ ಇತ್ತು. ಸೋಲಾರಿನ ಬೇಲಿಯುದ್ದಕ್ಕೂ ನಲವತ್ತು ಕುರಿಗಳನ್ನು ಒಂದೂ ಆಚೀಚೆ ಹೋಗದಂತೆ ಹೊಡೆದುಕೊಂಡು ಬರುತ್ತಿತ್ತು. ಮನೆಯಲ್ಲಿ ಇಡ್ಲಿಗೆ ಬಾಯಿ ಬಿಡುತ್ತಾ ಬಿದ್ದಿರುತ್ತಿದ್ದ ನನ್ನ ಮಹಾರಾಣಿ! ಮಧ್ಯಾಹ್ನ ಕೆಂಪಕ್ಕ ಅವಳಿಗೆ ಮುದ್ದೆ ಮುರಿದು ಹಾಕಿದಾಗ ನಾನು ಆಕ್ಷೇಪಿಸಿದೆ. ಪೌಷ್ಟಿಕ ಆಹಾರ ಕೊಡಬೇಕೆಂದು ಎರಡನೇ ಷರತ್ತಿನಲ್ಲಿದೆ, ಮುದ್ದೆಗಿಂತ ಪೌಷ್ಟಿಕವಾದದ್ದು ಯಾವುದಿದೆ ಹೇಳಿ ಎಂದು ಆಕೆ ಕೇಳಿದಳು. ಉತ್ತರ ಕೊಡಲು ನನ್ನ ಬಾಯಿಯಲ್ಲೂ ಮುದ್ದೆಯಿತ್ತು.

ಕಾಲ ಕೂಡಿಬಂದಾಗ ಸಿರಾದ ಬಿರಿಯಾನಿ ಹೋಟೆಲ್ ಮಾಲೀಕರೊಬ್ಬರ ಗಂಡುನಾಯಿ ನವಾಬನನ್ನು ಗೊತ್ತುಮಾಡಿದೆ. ಕಾರಿನಲ್ಲಿ ಬಂದಿಳಿದ ವರನನ್ನು ಕೆಂಪಕ್ಕ ಒಂದು ಸುತ್ತು ಬಂದು ನೋಡಿ, ಸ್ವಲ್ಪ ಮೈ ಜಾಸ್ತಿಯಾಯಿತು, ಆದರೆ ಕಣ್ಣಲ್ಲಿ ಕಪಟವಿಲ್ಲ ಎಂದು ತೀರ್ಪಿತ್ತಳು. ಕಾರ್ಯ ಸಾಂಗವಾಗಿ ನೆರವೇರಿತು. ನಾನು ಊರಿಗೆ ಬಂದು ಎದೆಯುಬ್ಬಿಸಿ ನಡೆದೆ. ಹೊಸಿಲಿಗೆ ಒಂದು ಕೂದಲೂ ಬೀಳದಂತೆ ಮರಿಗಳು ಹುಟ್ಟಲಿದ್ದವು. ನೋಡಿದೆಯಾ ನನ್ನ ಬುದ್ಧಿ ಎಂದು ಸ್ನೇಹಲತಾಳಿಗೆ ದಿನಕ್ಕೆ ಮೂರು ಸಲ ಹೇಳುತ್ತಿದ್ದೆ. ನೋಡ್ತಾನೇ ಇದೀನಿ ಎನ್ನುತ್ತಿದ್ದಳು.

ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ, ಆಗತಾನೇ ಹಾಕಿದ ರಂಗೋಲಿಯ ಅಂಚಿಗೆ, ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದಿನಿಂದ ಮೊದಲು ಒಂದು ಮೂಟೆ ರಾಗಿ ಇಳಿಯಿತು. ಆಮೇಲೆ ಬೇವಿನ ಸೊಪ್ಪಿನ ಕಟ್ಟು, ಸಾಂಬ್ರಾಣಿಯ ಡಬ್ಬಿ, ಹಳೆ ಸೀರೆಗಳ ಗಂಟು, ಹಾಲು ಕರೆಯುವ ಮೇಕೆ. ಕೊನೆಗೆ ಕೆಂಪಕ್ಕ. ಅವಳ ಕೈ ಹಿಡಿದವರ ಹಾಗೆ, ಹೊಟ್ಟೆ ನೆಲಕ್ಕೆ ತಾಗುವಂತೆ, ಒಂದೊಂದೇ ಹೆಜ್ಜೆಯಿಡುತ್ತಾ ಡಚೆಸ್. ಹಣೆಯಲ್ಲಿ ಕುಂಕುಮ, ಕತ್ತಿನಲ್ಲಿ ಹಸಿರು ಗಾಜಿನ ಬಳೆಗಳ ಸರ!

"ಚೊಚ್ಚಲು ಹೆರ್ಗೆ ಕಣಮ್ಮ" ಎಂದಳು ಕೆಂಪಕ್ಕ ಸ್ನೇಹಲತಾಳಿಗೆ. "ತವ್ರು ಮನೇಲೇ ಆಗ್ಬೇಕಲ್ವಾ. ಅದ್ಕೇ ಕರ್ಕಂಡು ಬಂದ್ಬುಟ್ಟೆ."

 ಕಾಗದದಲ್ಲಿ ಹಾಗೆಲ್ಲ ಇಲ್ಲ ಕೆಂಪಕ್ಕ, ಹೆರಿಗೆ ನಿಮ್ಮಲ್ಲೇ ಆಗಲಿ ಎಂದು ತೊದಲಿದೆ. ಒಂಬತ್ತನೆಯದನ್ನು ಬೇಕೆಂದೇ ಹಾಕಿದ್ದು ಎಂದು ನಮ್ಮ ಯಜಮಾನರಿಗೆ ನೀವೇ ಹೇಳಿದಿರಂತಲ್ಲ ಎಂದಳು ಕೆಂಪಕ್ಕ. ಸೆರಗಿನ ಗಂಟು ಬಿಚ್ಚಿ ನನ್ನದೇ ಕರಾರು ಪತ್ರವನ್ನು ತೆಗೆದು ಸ್ನೇಹಲತಾಳ ಕೈಗೆ ಕೊಟ್ಟಳು. ಸ್ನೇಹಲತಾ ಒಂಬತ್ತನೆಯದನ್ನು ಬೀದಿಗೆಲ್ಲ ಕೇಳುವಂತೆ ಓದಿದಳು.

"ಗರ್ಭ ಧರಿಸಿದ ಪ್ರಾಣಿಯನ್ನು ಹೆರಿಗೆಗೆ ಹದಿನೈದು ದಿನ ಮುಂಚಿತವಾಗಿ ಮಾಲೀಕರ ಮನೆಗೆ ತಲುಪಿಸತಕ್ಕದ್ದು. ಹೆರಿಗೆ ಮತ್ತು ತದನಂತರದ ಎಂಟು ವಾರಗಳ ಆರೈಕೆ ಮಾಲೀಕರ ಮನೆಯ ಒಳಭಾಗದಲ್ಲಿಯೇ ನಡೆಯತಕ್ಕದ್ದು."

ಓದಿ ಮುಗಿಸಿ ನನ್ನನ್ನು ನೋಡಿದಳು. "ಬೇಕು ಅಂತಲೇ ಹಾಕಿದ್ದು ಅಂದ್ರಂತೆ?"

ನಾನು ಮೇಕೆಯನ್ನು ನೋಡಿದೆ. ಮೇಕೆ ನಮ್ಮ ತುಳಸಿಯನ್ನು ನೋಡುತ್ತಿತ್ತು.

ಸತ್ಯ ಹೇಳುತ್ತೇನೆ, ಆ ಕ್ಷಣ ಡಚೆಸ್ ವಾಪಸ್ ಹೋಗಲಿ ಎಂದು ನನ್ನ ಹೆಂಡತಿ ಹೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಡಚೆಸ್ ನಡೆದುಕೊಂಡು ಬಂದು ಹೊಸಿಲ ಈಚೆಗೇ ನಿಂತಳು. ಒಳಗೆ ಬರಲಿಲ್ಲ. ಅಂದು ತೀರ್ಪು ಕೇಳಿಸಿಕೊಂಡ ಜಾಗ ನೆನಪಿತ್ತೇನೋ. ತಲೆಯೆತ್ತಿ ಸ್ನೇಹಲತಾಳ ಮುಖವನ್ನೇ ನೋಡುತ್ತಾ, ನಿಲ್ಲಲಾರದೆ ಹಾಗೇ ಕುಕ್ಕರಿಸಿದಳು. ಸ್ನೇಹಲತಾಳ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿತು, ಆದರೆ ಕಾರಣ ಬೇರೆ.

"ಬಸುರೀನ ಬಾಗಿಲಲ್ಲಿ ನಿಲ್ಸೋದಾ?" ಎಂದು ನನ್ನ ಮೇಲೇ ಹರಿಹಾಯ್ದು, ಒಳಗೆ ಓಡಿ, ಆರತಿ ತಟ್ಟೆ ತಂದು ನಿವಾಳಿಸಿ, ಡಚೆಸ್‌ಳನ್ನು ಒಳಗೆ ಕರೆದುಕೊಂಡಳು. ಹಿಂದೆಯೇ ಮೇಕೆಯೂ ನುಗ್ಗಿತು. ಗಾಳಿ ಬೀಸದ ಕೋಣೆ ಯಾವುದೆಂದು ಕೆಂಪಕ್ಕ ಮನೆಯೆಲ್ಲ ಹುಡುಕಿ, ನನ್ನ ಮಲಗುವ ಕೋಣೆಯನ್ನು ಆರಿಸಿದಳು. ನನ್ನ ಹಾಸಿಗೆಯ ಮೇಲೆ ಹಳೆ ಸೀರೆ ಹಾಸಿದರು. ಬಾಗಿಲಿಗೆ ಬೇವು ಕಟ್ಟಿದರು. ಶೀತವಾಗದಿರಲೆಂದು ಡಚೆಸ್‌ಳ ಕಿವಿ ಮುಚ್ಚುವಂತೆ ನನ್ನ ಮಫ್ಲರನ್ನು ಸುತ್ತಿದರು. ಅವಳು ನನ್ನ ದಿಂಬಿನ ಮೇಲೆ ತಲೆಯಿಟ್ಟು, ಹುಟ್ಟಿದಾಗಿನಿಂದ ಅಲ್ಲೇ ಇದ್ದವಳಂತೆ ಗೊರಕೆ ಹೊಡೆದಳು.

ನಾನು ನಿಟ್ಟುಸಿರು ಬಿಟ್ಟೆ. ಗಂಡಾಂತರ ಕಳೆಯಿತು, ಎಲ್ಲರೂ ಒಂದಾದರು! ಸ್ನೇಹಲತಾ ಬೆರಳು ಮಡಿಚುತ್ತಿದ್ದಳು.

"ನಾಲ್ಕು ಕಾಲಿಂದು ಒಳಗೆ ಬಂತು" ಎಂದಳು. "ಒಂದಲ್ಲ, ಎರಡು. ನಾನು ಮಾತು ತಪ್ಪೋಳಲ್ಲ."

ನಗುತ್ತಿದ್ದಾಳೆ ಎಂದುಕೊಂಡೆ. ನಗುತ್ತಿರಲಿಲ್ಲ. ಅಷ್ಟರಲ್ಲಿ ಕೆಂಪಕ್ಕ ತನ್ನ ಯಜಮಾನರ ಚಿಂತೆ ತೆಗೆದಳು. ನಲವತ್ತು ಕುರಿ, ಕ್ಯಾತಣ್ಣ ಒಬ್ಬನೇ. ಲಚ್ಚಿಯಿದ್ದಿದ್ದರೆ ಯೋಚನೆಯಿರಲಿಲ್ಲ. ತಾನೂ ಇನ್ನು ಎರಡೂವರೆ ತಿಂಗಳು ಬಾಣಂತಿಯನ್ನು ಬಿಟ್ಟು ಕದಲುವಂತಿಲ್ಲ. ಸ್ನೇಹಲತಾ ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡುವ ಹಾಗೆ ನನ್ನನ್ನು ನೋಡಿದಳು.

"ಆಟೋ ಹೆಂಗೂ ಖಾಲಿ ವಾಪಸ್ ಹೋಗುತ್ತೆ" ಎಂದಳು.

ಅಂಗಡಿಯ ಗತಿಯೇನೆಂದು ಗೋಗರೆದೆ.

"ನಾನು ನೋಡ್ಕೋತೀನಿ. ನಾನಾದ್ರೆ ಓದಿ ಟೈಪ್ ಮಾಡ್ತೀನಿ."

ಹದಿನೈದು ನಿಮಿಷದಲ್ಲಿ ನನ್ನ ಚೀಲ ತುಂಬಿತು. ಕ್ಯಾತಣ್ಣನಿಗೆ ಕೊಡಿ ಎಂದು ಒಂದು ಲಕೋಟೆ ಕೈಗಿತ್ತಳು. ರಾಗಿ ಮೂಟೆ ಇಳಿದ ಜಾಗದಲ್ಲಿ ನಾನು ಹತ್ತಿ ಕೂತೆ. ಆಟೋ ತಿರುಗುವಾಗ ಕೆಂಪಕ್ಕ ಬಾಗಿಲಿಗೆ ಬಂದು, "ಏಮೀ ಕಾದಪ್ಪಾ, ಏನೂ ಆಗಾಕಿಲ್ಲ, ನಮ್ಮೋರು ಒಳ್ಳೇರು" ಎಂದು ಧೈರ್ಯ ಹೇಳಿದಳು.

ಮಧ್ಯಾಹ್ನ ಕ್ಯಾತಣ್ಣ ಜಗಲಿಯಲ್ಲಿ ಲಕೋಟೆ ಒಡೆದ. ಒಳಗಿದ್ದದ್ದು ಛಾಪಾ ಕಾಗದ. ಕನ್ನಡಕ ಇಲ್ಲ, ಸೊಸೆ ಪಾವಗಡಕ್ಕೆ ಹೋಗಿದ್ದಾಳೆ, ಓದಿಸದೆ ಸಹಿ ಹಾಕುವುದಿಲ್ಲ, ನೀವೇ ಓದಿ ಎಂದ. ಹೀಗೆ, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ, ಒಂದು ಕರಾರು ಪತ್ರವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಪತ್ರ ನನ್ನದೇ, ಮನೆಯಲ್ಲಿ ಉಳಿದಿದ್ದ ಇನ್ನೊಂದು ಪ್ರತಿ. ಖಾಲಿ ಜಾಗಗಳನ್ನು ಮಾತ್ರ ಸ್ನೇಹಲತಾ ಪೆನ್ನಿನಲ್ಲಿ ತುಂಬಿ, ಒಂಬತ್ತನೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆದಿದ್ದಳು.

"ಮಾಲೀಕರ ಹೆಸರು: ಸ್ನೇಹಲತಾ. ಪ್ರಾಣಿಯ ವಿವರ: ಗಂಡು, ವಯಸ್ಸು ನಲವತ್ತೇಳು. ತಳಿ: ನಾಟಿ. ಸ್ವಭಾವ: ಬೊಗಳುತ್ತದೆ, ಕಚ್ಚುವುದಿಲ್ಲ. ಆಹಾರ: ಮುದ್ದೆ ಹಾಕಬಹುದು, ಬೋಂಡ ತೋರಿಸಬಾರದು. ಒಂಬತ್ತನೇ ಷರತ್ತು: ಬಾಣಂತನ ಮುಗಿಯುವವರೆಗೆ ಈ ಪ್ರಾಣಿಯನ್ನು ಮಾಲೀಕರ ಮನೆಗೆ ತಲುಪಿಸತಕ್ಕದ್ದಲ್ಲ."

ಕ್ಯಾತಣ್ಣ ಗಲ್ಲಕ್ಕೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡ. ಒಂಬತ್ತನೆಯದನ್ನು ಇನ್ನೊಮ್ಮೆ ಓದಿಸಿದ. ಒಪ್ಪಿಗೆಯೆಂದು ಪುಟಪುಟಕ್ಕೂ ಸಹಿ ಹಾಕಿದ. ಮೂಲೆಯಲ್ಲಿದ್ದ ಕೋಲು ತಂದು ನನ್ನ ಕೈಗೆ ಕೊಟ್ಟು, ಬೆನ್ನು ತಟ್ಟಿದ.

"ಯೋಚ್ನೆ ಮಾಡ್ಬ್ಯಾಡಿ ಸ್ವಾಮಿ. ಬಂದಾಗ ಲಚ್ಚಿಗೂ ಏನೂ ಬತ್ತಿರ್ಲಿಲ್ಲ. ಎಂಟೇ ದಿನ್ದಾಗೆ ಕಲ್ತ್‌ಬುಟ್ಳು. ನಿಮ್ಗಾದ್ರೆ ಒಂದು ತಿಂಗ್ಳು ಆಗ್ಬೌದು."